ಸಹಾಯ ಬೇಕು: ಸಂಶೋಧನೆಗೆ ಬರುವ ಅಂಗವಿಕಲರಿಗೆ ದುಡ್ಡು ಕೊಡಬೇಕಲ್ವಾ?

ಎಲ್ಲರಿಗೂ ನಮಸ್ಕಾರ. ನಾನು ವೀಲ್‌ಚೇರ್ ಬಳಸುವವಳು. ಒಂದು ಸಂಶೋಧನಾ ತಂಡ ಸಂದರ್ಶನಕ್ಕೆ ಕರೆದಿದೆ. ಓಡಾಟದ ಖರ್ಚು ಮಾತ್ರ ಕೊಡುತ್ತಾರಂತೆ. ನನ್ನ ಸಮಯಕ್ಕೂ ಕೊಡಿ ಎಂದರೆ, "ಹಣದ ಆಸೆಗೆ ಒಪ್ಪಿದ ಹಾಗಾಗುತ್ತದೆ" ಎನ್ನುತ್ತಾರೆ. ಪ್ರಶ್ನೆ ಕೇಳುವವರಿಗೆ ಸಂಬಳ, ಉತ್ತರ ಹೇಳುವವರಿಗೆ ಬರೀ ಥ್ಯಾಂಕ್ಸಾ? ಜೊತೆಗೆ ಬರುವ ಸಹಾಯಕಿಯ ಕೂಲಿಯೂ ನನ್ನ ತಲೆ ಮೇಲೇ.

ಸಿಐಒಎಂಎಸ್ (ವೈದ್ಯಕೀಯ ವಿಜ್ಞಾನ ಸಂಸ್ಥೆಗಳ ಅಂತರರಾಷ್ಟ್ರೀಯ ಮಂಡಳಿ) ಆರೋಗ್ಯ ಸಂಶೋಧನೆಗೆಂದು ಮಾಡಿದ 2016ರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಖರ್ಚಿನ ಜೊತೆ ಸಮಯಕ್ಕೂ ತೊಂದರೆಗೂ ತಕ್ಕಷ್ಟು ಕೊಡಬೇಕು ಎಂದಿದೆ. ಇದನ್ನು ತೋರಿಸಿ ಯಾರಾದರೂ ಹಣ ಪಡೆದಿದ್ದೀರಾ? ಪತ್ರದಲ್ಲಿ ಏನು ಬರೆದಿರಿ? ಸಂಶೋಧನೆ ನ್ಯಾಯವಾಗಿ ನಡೆಯುತ್ತಿದೆಯಾ ಎಂದು ನೋಡುವ ಎಥಿಕ್ಸ್ ಕಮಿಟಿಗೇ ನೇರವಾಗಿ ಬರೆಯಬಹುದಾ?

ಇನ್ನೊಂದು ಚಿಂತೆ ಇದೆ, ಇದೇ ಜಾಸ್ತಿ. ಆ ಹಣ ಆದಾಯದ ಲೆಕ್ಕಕ್ಕೆ ಸೇರಿ ಪಿಂಚಣಿಗೆ ಕುತ್ತು ಬಂದರೆ? ಗಿಫ್ಟ್ ಕಾರ್ಡ್ ಆದರೂ ಹಾಗೇನಾ? ಅನುಭವ ಇರುವವರು ದಯವಿಟ್ಟು ಹೇಳಿ. ಬೇಗ ಉತ್ತರ ಕೊಡಬೇಕಿದೆ.