ಪಿಕಪ್‌ಗೆ ಎಕ್ಸಾಸ್ಟ್ ಬ್ರೇಕ್: ಘಾಟಿ ಇಳಿಯೋರ ಪ್ರಶ್ನೆ, ಡೀಸೆಲ್ ಮೆಕ್ಯಾನಿಕ್ ಉತ್ತರ

ಪ್ರಶ್ನೆ (ತೀರ್ಥಹಳ್ಳಿಯ ಪಿಕಪ್ ಮಾಲೀಕರು):
ಅಣ್ಣಾ, ನಮಸ್ಕಾರ. ನಂದು 2.5 ಲೀಟರ್ ಟರ್ಬೊ ಡೀಸೆಲ್ ಪಿಕಪ್, ಕಾಮನ್ ರೈಲ್ (ಕಂಪ್ಯೂಟರ್ ಹಿಡಿತದ ಡೀಸೆಲ್ ಇಂಜೆಕ್ಷನ್) ಬರೋಕೆ ಮುಂಚಿನ ಪಂಪ್ ಎಂಜಿನ್. ಹೆಬ್ರಿ, ಉಡುಪಿ ಕಡೆಗೆ ಬಾಳೆಗೊನೆ, ಶುಂಠಿ ಹೊಡೀತೀನಿ. ಲೋಡಲ್ಲಿ ಆಗುಂಬೆ ಘಾಟಿ ಇಳಿದು ಸೋಮೇಶ್ವರ ಮುಟ್ಟೋ ಹೊತ್ತಿಗೆ ಚಕ್ರದಿಂದ ಕಮಟು ವಾಸನೆ, ಪೆಡಲ್ ಮೆತ್ತಗೆ ಆಗಿರುತ್ತೆ. ಪ್ಯಾಡು, ಲೈನರ್ ಹಾಕಿಸಿ ಹಾಕಿಸಿ ಸಾಕಾಯ್ತು. ಗುಜರಿಯಲ್ಲಿ ದೊಡ್ಡ ಲಾರಿಯ ಎಕ್ಸಾಸ್ಟ್ ಬ್ರೇಕ್ ಸೆಟ್ಟು (ಸೈಲೆನ್ಸರ್ ಪೈಪನ್ನ ತಟ್ಟೆಯಿಂದ ಮುಚ್ಚಿ ಎಂಜಿನ್‌ನಿಂದಲೇ ಗಾಡಿ ನಿಧಾನ ಮಾಡೋದು) ನೋಡಿ ಬಂದಿದೀನಿ. ಅದನ್ನ ನನ್ನ ಗಾಡಿಗೆ ಕೂರಿಸಬಹುದಾ? ಎಂಜಿನ್‌ಗೆ ಏಟು ಬೀಳುತ್ತೆ ಅಂತಾರೆ, ನಿಜಾನಾ?

ಉತ್ತರ (ಡೀಸೆಲ್ ಮೆಕ್ಯಾನಿಕ್, ಶಿವಮೊಗ್ಗ):
ಗುಜರಿ ಸೆಟ್ಟು ಮುಟ್ಟಬೇಡಿ ಮಾರಾಯ್ರೆ. ಲಾರಿಯದ್ದು ಗಾಳಿ ಒತ್ತಡದಲ್ಲಿ ಕೆಲಸ ಮಾಡುತ್ತೆ, ನಿಮ್ಮ ಪಿಕಪ್‌ನಲ್ಲಿ ಏರ್ ಟ್ಯಾಂಕೇ ಇಲ್ಲ. ಸ್ವಿಚ್ಚು, ಸೊಲೆನಾಯ್ಡ್ (ಕರೆಂಟಿನಿಂದ ತೆರೆದು ಮುಚ್ಚೋ ವಾಲ್ವ್) ಸಾಮಾನ್ಯವಾಗಿ 24 ವೋಲ್ಟಿನದು, ನಿಮ್ಮದು 12. ಪೈಪಿನ ಅಳತೆಯೂ ಬೇರೆ. ಇದೆಲ್ಲ ಹೊಂದಿಸಿಕೊಂಡರೂ ಅದರೊಳಗಿನ ತಟ್ಟೆಯ ತೂತು ಆ ಲಾರಿ ಎಂಜಿನ್ನಿನ ಲೆಕ್ಕಕ್ಕೆ ಕೊರೆದದ್ದು. ಎಂಜಿನ್‌ಗೆ ಏಟು ಬೀಳೋದು ಬೀಳದೇ ಇರೋದು ಆ ತೂತಿನ ಮೇಲೇ ನಿಂತಿದೆ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಘಾಟಿ ಎಷ್ಟನೇ ಗೇರಲ್ಲಿ ಇಳೀತೀರಿ? ಮೂರರಲ್ಲಿ ಇಳಿದು ಪ್ರತಿ ತಿರುವಿಗೂ ಬ್ರೇಕ್ ತುಳಿಯೋರಾದ್ರೆ ಮೊದಲು ಎರಡಕ್ಕೆ ಬನ್ನಿ, ಆಮೇಲೆ ಎಕ್ಸಾಸ್ಟ್ ಬ್ರೇಕ್ ಮಾತಾಡೋಣ. ಬಿಸಿಯ ಲೆಕ್ಕ ನೋಡಿ: ಲೋಡು ಸೇರಿ 3 ಟನ್ ತೂಕದ ಗಾಡಿ 500 ಮೀಟರ್ ಎತ್ತರ ಇಳಿದರೆ ಸುಮಾರು 45 ಲೀಟರ್ ತಣ್ಣೀರು ಕುದಿಯುವಷ್ಟು ಶಾಖ ಹುಟ್ಟುತ್ತೆ. ಅಡಿಕೆ ಬೇಯಿಸೋ ಹಂಡೆ ನೆನಪಿಸಿಕೊಳ್ಳಿ. ಅಷ್ಟೂ ಶಾಖ ನಾಲ್ಕು ಚಕ್ರದ ಡಿಸ್ಕು, ಡ್ರಮ್ಮಿಗೇ ಹೋಗಬೇಕಾ, ಅರ್ಧವಾದರೂ ಎಂಜಿನ್ ಹೊತ್ತುಕೊಳ್ಳಬೇಕಾ ಅನ್ನೋದೇ ಪ್ರಶ್ನೆ.

ಪೆಟ್ರೋಲ್ ಗಾಡಿಯಲ್ಲಿ ಕಾಲು ತೆಗೆದ ಕೂಡಲೇ ಎಂಜಿನ್ ಹಿಡಿದೆಳೆಯುತ್ತೆ, ಯಾಕಂದ್ರೆ ಥ್ರಾಟಲ್ ಮುಚ್ಚಿ ಒಳಗೆ ಗಾಳಿಗೆ ದಾರಿ ಇರಲ್ಲ. ಹಳೇ ಡೀಸೆಲ್‌ನಲ್ಲಿ ಥ್ರಾಟಲ್ ಇಲ್ಲ, ಗಾಳಿ ಸಲೀಸಾಗಿ ಬಂದು ಹೋಗುತ್ತೆ. ಪಿಸ್ಟನ್ ಒತ್ತಿದ ಗಾಳಿ ಅದನ್ನೇ ವಾಪಸ್ ಕೆಳಕ್ಕೆ ತಳ್ಳುತ್ತೆ, ಹಾಗಾಗಿ ಎಂಜಿನ್ ಹಿಡಿತ ಕಮ್ಮಿ. ಎಕ್ಸಾಸ್ಟ್ ಬ್ರೇಕ್ ಅಂದ್ರೆ ಟರ್ಬೊ ದಾಟಿದ ಮೇಲೆ ಸೈಲೆನ್ಸರ್ ಪೈಪಿನಲ್ಲಿ ಒಂದು ತಟ್ಟೆ ವಾಲ್ವ್. ಅದು ಮುಚ್ಚಿದಾಗ ಹೊರಗೆ ಹೋಗೋ ಗಾಳಿ ತಡೆದು ಒತ್ತಡ ಏರುತ್ತೆ, ಪಿಸ್ಟನ್ ಎಕ್ಸಾಸ್ಟ್ ಸ್ಟ್ರೋಕಿನಲ್ಲಿ ಆ ಒತ್ತಡದ ವಿರುದ್ಧ ದುಡೀಬೇಕು. ಆ ದುಡಿಮೆಯೇ ಬ್ರೇಕು.

ಎಷ್ಟು ಸಿಗುತ್ತೆ? ನಿಮ್ಮ 2.5 ಲೀಟರ್ ಎಂಜಿನ್ನು 3000 ಆರ್‌ಪಿಎಮ್‌ನಲ್ಲಿ, 2 ಬಾರ್ ಒತ್ತಡಕ್ಕೆ (ಒಂದು ಬಾರ್ ಅಂದ್ರೆ ಚದರ ಸೆಂ.ಮೀ.ಗೆ ಸುಮಾರು ಒಂದು ಕೆ.ಜಿ.) ಸುಮಾರು 12 ಕಿಲೋವ್ಯಾಟ್. 3 ಟನ್ ಗಾಡಿಯನ್ನು ನೂರಕ್ಕೆ ಏಳರ ಇಳಿಜಾರಿನಲ್ಲಿ ಗಂಟೆಗೆ 30 ಕಿ.ಮೀ.ನಲ್ಲಿ ಹಿಡಿದಿಡೋಕೆ ಬೇಕಾಗೋದು ಸುಮಾರು 17 ಕಿಲೋವ್ಯಾಟ್. ಇದರಲ್ಲಿ ಒಂದಿಷ್ಟು ಟೈರು, ಎಂಜಿನ್ ತಿಕ್ಕಾಟವೇ ತಿನ್ನುತ್ತೆ. ಅಂದ್ರೆ ನೇರ ಇಳಿಜಾರಿನಲ್ಲಿ ಕಾಲು ಬ್ರೇಕ್ ಮೇಲಿಂದ ತೆಗೀಬಹುದು, ತಿರುವಿನ ಮುಂಚೆ ಮಾತ್ರ ತುಳಿದರೆ ಸಾಕು. ಆದ್ರೆ ಅದೇ ಎಂಜಿನ್ 1500 ಆರ್‌ಪಿಎಮ್‌ನಲ್ಲಿ ಇದ್ದರೆ ಅರ್ಧವೂ ಸಿಗಲ್ಲ. ಎರಡನೇ ಗೇರು ಅಂತ ಶುರುವಿನಲ್ಲೇ ಹಟ ಹಿಡಿದದ್ದು ಅದಕ್ಕೇ.

ಈಗ ಏಟಿನ ವಿಷಯ. ಪೈಪಿನಲ್ಲಿ ಕೂತ ಒತ್ತಡ ಎಲ್ಲಾ ಸಿಲಿಂಡರ್‌ಗಳ ಎಕ್ಸಾಸ್ಟ್ ವಾಲ್ವಿನ ಬೆನ್ನಿಗೂ ತಳ್ಳುತ್ತೆ. ಪಕ್ಕದ ಸಿಲಿಂಡರ್ ಗಾಳಿ ಎಳೆದುಕೊಳ್ಳೋ ಹೊತ್ತಿನಲ್ಲಿ ಅದರ ಎಕ್ಸಾಸ್ಟ್ ವಾಲ್ವನ್ನ ಮುಚ್ಚಿ ಹಿಡಿದಿರೋದು ಸ್ಪ್ರಿಂಗ್ ಒಂದೇ. ಒತ್ತಡ ಸ್ಪ್ರಿಂಗನ್ನ ಮೀರಿದರೆ ವಾಲ್ವ್ ತಾನಾಗಿ ತೆರೆದು ಸೀಟಿನ ಮೇಲೆ ಟಪ್ ಅಂತ ಬಡಿಯುತ್ತೆ. ತುಂಬಾ ಮೀರಿದರೆ ಪಿಸ್ಟನ್ ತಲೆಗೇ ತಾಗಬಹುದು. ಲೆಕ್ಕ ಸುಲಭ: ವಾಲ್ವ್ ಮುಚ್ಚಿದಾಗ ಸ್ಪ್ರಿಂಗಿನ ಬಲ 25 ಕೆ.ಜಿ., ವಾಲ್ವ್ ತಲೆಯ ವ್ಯಾಸ 36 ಮಿ.ಮೀ. ಅಂತ ಇಟ್ಕೊಳ್ಳಿ. ತಲೆಯ ವಿಸ್ತೀರ್ಣ ಸುಮಾರು 10 ಚದರ ಸೆಂ.ಮೀ., ಹಾಗಾಗಿ ಎರಡೂವರೆ ಬಾರ್‌ಗೆ ವಾಲ್ವ್ ಎದ್ದೇಳುತ್ತೆ. ಮೀಟರ್ ತೋರಿಸೋದು ಸರಾಸರಿ ಒತ್ತಡ, ಒಳಗಿನ ಬಡಿತ ಅದಕ್ಕಿಂತ ಮೇಲೆ ಹೋಗುತ್ತೆ. ಹಾಗಾಗಿ ಇಂಥ ಎಂಜಿನ್‌ನಲ್ಲಿ 2 ಬಾರ್ ದಾಟಿಸೋದು ಬೇಡ. ನಿಮ್ಮ ಎಂಜಿನ್ನಿನ ಸ್ಪ್ರಿಂಗ್ ಬಲವನ್ನ ಅಂದಾಜಿನಲ್ಲಿ ಹೇಳೋದು ತಪ್ಪು. ಹೆಡ್ ಬಿಚ್ಚಿದಾಗ ಸ್ಪ್ರಿಂಗ್ ಟೆಸ್ಟರ್ ಮೇಲೆ ಅಳೆಸಿ, ಹಳೇ ಸ್ಪ್ರಿಂಗು ಸೊರಗಿರುತ್ತೆ.

ಒತ್ತಡ ಇಳಿಸೋಕೆ ಇರೋದೇ ತಟ್ಟೆಯ ಮಧ್ಯದ ತೂತು. ವಾಲ್ವಿಗೂ ಟರ್ಬೊಗೂ ನಡುವೆ ಪೈಪಿಗೆ ಒಂದು ನಟ್ಟು ವೆಲ್ಡ್ ಮಾಡಿಸಿ, ಅದರಿಂದ ಒಂದು ಮೀಟರ್ ಉದ್ದದ ತಾಮ್ರದ ನಳಿಗೆ ಎಳೆದು ಪ್ರೆಶರ್ ಮೀಟರ್ ಕಟ್ಟಿ. ನಳಿಗೆ ಚಿಕ್ಕದಾದ್ರೆ ಮೀಟರ್ ಬೆಂದುಹೋಗುತ್ತೆ. ಖಾಲಿ ರಸ್ತೆಯ ಇಳಿಜಾರಿನಲ್ಲಿ ಕಮ್ಮಿ ಆರ್‌ಪಿಎಮ್‌ನಿಂದ ಶುರು ಮಾಡಿ ನಿಧಾನ ಏರಿಸ್ತಾ ನೋಡಿ. ಮೇಲಿನ ಆರ್‌ಪಿಎಮ್‌ಗೆ ಮುಂಚೆಯೇ ಮಿತಿ ಮುಟ್ಟಿತೋ, ನಿಲ್ಲಿಸಿ, ಬಿಚ್ಚಿ, ತೂತನ್ನ ಅರ್ಧ ಮಿಲಿಮೀಟರ್ ದೊಡ್ಡದು ಮಾಡಿ ಮತ್ತೆ ನೋಡಿ. ದೊಡ್ಡ ಮಾಡಿದ ತೂತನ್ನ ಚಿಕ್ಕದು ಮಾಡೋಕೆ ಬರಲ್ಲ, ಅದಕ್ಕೇ ಅವಸರ ಬೇಡ. ಡ್ರಿಲ್ ಹಾಕಿ ಕಣ್ಣಂದಾಜಿನಲ್ಲಿ ಮುಗಿಸಿಕೊಡ್ತೀನಿ ಅನ್ನೋರ ಹತ್ತಿರ ಗಾಡಿ ಬಿಡಲೇಬೇಡಿ.

ವಾಲ್ವ್ ಟರ್ಬೊಗೆ ಹತ್ತಿರ ಇದ್ದಷ್ಟೂ ಬೇಗ ಹಿಡಿಯುತ್ತೆ. ಪೈಪಿನಲ್ಲಿ ಹೆಣಿಗೆಯ ಫ್ಲೆಕ್ಸಿಬಲ್ ಇದೆಯಲ್ಲ, ಅದು ವಾಲ್ವಿನ ಆಚೆಗೆ ಬರಬೇಕು. ಒತ್ತಡದ ಕಡೆಗೆ ಬಂದ್ರೆ ಹಿಗ್ಗಿ ಒಡೆಯುತ್ತೆ. ಮ್ಯಾನಿಫೋಲ್ಡ್ ಪ್ಯಾಕಿಂಗು, ಟರ್ಬೊ ಫ್ಲೇಂಜ್ ಪ್ಯಾಕಿಂಗು ಹೊಸದು ಹಾಕಿಸಿ, ಸ್ವಲ್ಪ ಸೋರಿದರೂ ಸಿಳ್ಳೆ ಹೊಡೆಯುತ್ತೆ, ಹಿಡಿತ ಹೋಗುತ್ತೆ. ಟರ್ಬೊ ಶಾಫ್ಟ್ ಅಲ್ಲಾಡ್ತಿದ್ರೆ ಮೊದಲು ಅದರ ಕೆಲಸ ಮುಗಿಸಿ.

ಇನ್ನು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ್ದು ವ್ಯಾಕ್ಯೂಮ್. ಪಿಕಪ್‌ಗೆ ಸಿಗೋ ಕಿಟ್‌ಗಳಲ್ಲಿ ವಾಲ್ವನ್ನ ಎಳೆಯೋದು ವ್ಯಾಕ್ಯೂಮ್ ಡಬ್ಬಿ. ಆ ವ್ಯಾಕ್ಯೂಮ್ (ಗಾಳಿ ಹೀರಿದ ಎಳೆತ) ಬರೋದು ಆಲ್ಟರ್ನೇಟರ್ ಹಿಂದಿನ ಪಂಪಿನಿಂದ, ನಿಮ್ಮ ಕಾಲು ಬ್ರೇಕಿನ ಪೆಡಲ್ ಹಗುರ ಮಾಡೋ ಬೂಸ್ಟರ್ ನಡೆಯೋದೂ ಅದರಿಂದಲೇ. ಬೂಸ್ಟರ್ ಬುಡದಲ್ಲಿ ಒಂದು ನಾನ್ ರಿಟರ್ನ್ ವಾಲ್ವ್ ಇರುತ್ತೆ. ಎಕ್ಸಾಸ್ಟ್ ಬ್ರೇಕಿಗೆ ಹೋಸು ಕವಲೊಡೆಸೋ ಟೀ ಜಾಯಿಂಟ್ ಕೂರಿಸೋದು ಆ ವಾಲ್ವಿಗೂ ಪಂಪಿಗೂ ನಡುವೆ ಮಾತ್ರ. ಬೂಸ್ಟರ್ ಕಡೆಗೆ ಕೂರಿಸಿದರೆ ಎಕ್ಸಾಸ್ಟ್ ಬ್ರೇಕಿನ ಹೋಸು ಒಂದು ಇಲಿ ಕಡಿದರೂ ಸಾಕು, ಕಾಲು ಬ್ರೇಕು ಕಲ್ಲಾಗುತ್ತೆ. ಟೀಯ ಒಳಗೆ ಸಣ್ಣ ತೂತಿನ ಜೆಟ್ಟು ಇರಲಿ, ಹೋಸು ಕಿತ್ತರೂ ಪಂಪು ಬೂಸ್ಟರಿಗೆ ಒದಗಿಸ್ತಾ ಇರುತ್ತೆ. ಎಕ್ಸಾಸ್ಟ್ ಬ್ರೇಕಿಗೆ ಬೇರೆಯೇ ಒಂದು ಸಣ್ಣ ವ್ಯಾಕ್ಯೂಮ್ ಟ್ಯಾಂಕು ಕೊಡಿ. ಕೆಲಸ ಮುಗಿದ ಮೇಲೆ ಆ ಹೋಸನ್ನ ಬೇಕಂತಲೇ ಕಿತ್ತು, ನಿಂತ ಗಾಡಿಯಲ್ಲಿ ಎಂಜಿನ್ ಓಡ್ತಾ ಇರುವಾಗ ಪೆಡಲ್ ಮತ್ತೆ ಮತ್ತೆ ತುಳಿದು ನೋಡಿ. ಗಟ್ಟಿಯಾದ್ರೆ ಗಾಡಿ ಹೊರಗೆ ತೆಗೀಬೇಡಿ.

ವೈರಿಂಗ್‌ನಲ್ಲಿ ಮೂರು ಸ್ವಿಚ್ಚು ಸಾಲಾಗಿ: ಡ್ಯಾಶ್‌ಬೋರ್ಡಿನದು, ಆಕ್ಸಿಲರೇಟರಿನದು, ಕ್ಲಚ್ಚಿನದು. ಆಕ್ಸಿಲರೇಟರ್ ಮೇಲೆ ಕಾಲು ಇಟ್ಟ ಕೂಡಲೇ, ಕ್ಲಚ್ ಒತ್ತಿದ ಕೂಡಲೇ ವಾಲ್ವ್ ತೆರೀಬೇಕು. ಇಲ್ಲದಿದ್ರೆ ಗೇರ್ ಬದಲಿಸೋವಾಗ ಎಂಜಿನ್ ಬಂದ್ ಬೀಳುತ್ತೆ, ಬಂದ್ ಆದ್ರೆ ವ್ಯಾಕ್ಯೂಮ್ ಪಂಪೂ ನಿಂತಿತು. ಕರೆಂಟು ಹೋದ್ರೆ ವಾಲ್ವ್ ಸ್ಪ್ರಿಂಗಿನಿಂದ ತಾನೇ ತೆರೆದುಕೊಳ್ಳೋ ಜಾತಿಯದೇ ತಗೊಳ್ಳಿ.

ಬ್ರೇಕ್ ಆಯಿಲ್ ಕಡೆ ಬದಲಿಸಿದ್ದು ಯಾವಾಗ? ಅದು ಗಾಳಿಯ ತೇವ ಹೀರುತ್ತೆ, ನಮ್ಮ ಮಳೆಗಾಲ ಕೇಳಬೇಕಾ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಲ್ಲ, ನೀರು ಹಿಡಿದದ್ದು 140ಕ್ಕೇ ಕುದಿಯಬಹುದು. ಡಾಟ್ 4 ಆದ್ರೆ 230 ಮತ್ತು 155. ಕುದಿದರೆ ಲೈನಿನಲ್ಲಿ ಆವಿ, ಪೆಡಲ್ ಮೆತ್ತಗೆ. ನೀವು ಹೇಳೋ ಲಕ್ಷಣ ನೋಡಿದ್ರೆ ಪ್ಯಾಡಿಗಿಂತ ಮುಂಚೆ ನಾನು ಆಯಿಲ್ಲೇ ಬದಲಿಸ್ತೀನಿ.

ಪ್ರಶ್ನೆ (ಸಾಗರದ ಸದಸ್ಯರು):
ಸರ್, ನಮ್ಮದು ಬಿಎಸ್ 6 ಪಿಕಪ್. ಹುಲಿಕಲ್ ಘಾಟಿಯಲ್ಲಿ ಇದೇ ಕಷ್ಟ. ನಮಗೂ ಹಾಕಬಹುದಾ?

ಉತ್ತರ:
ಬೇಡ. 2020ರ ಏಪ್ರಿಲ್‌ನಿಂದ ಬಿಎಸ್ 6 ಅನ್ನೋ ಹೊಗೆ ನಿಯಮದ ಪ್ರಕಾರ ಬಂದ ಗಾಡಿಗಳಲ್ಲಿ ಸೈಲೆನ್ಸರ್ ಪೈಪು ಬರೀ ಪೈಪಲ್ಲ. ಮಸಿ ಹಿಡಿಯೋ ಫಿಲ್ಟರು, ಒತ್ತಡದ ಸೆನ್ಸರು, ಬಿಸಿಯ ಸೆನ್ಸರು ಎಲ್ಲ ಸಾಲಾಗಿ ಕೂತಿವೆ. ಮಧ್ಯೆ ತಟ್ಟೆ ಹಾಕಿದರೆ ಕಂಪ್ಯೂಟರು ಗಾಬರಿಯಾಗಿ ಲೈಟು ಹಾಕಿ ಎಂಜಿನ್ ಶಕ್ತಿ ಇಳಿಸಿಬಿಡುತ್ತೆ. ಹೊಗೆಯ ಒಂದು ಪಾಲನ್ನ ವಾಪಸ್ ಎಂಜಿನ್‌ಗೆ ಬಿಡೋ ಈಜಿಆರ್ ವಾಲ್ವ್ ಆ ಹೊತ್ತಿನಲ್ಲಿ ತೆರೆದಿದ್ರೆ ಒತ್ತಡ ಅಲ್ಲಿಂದ ಇಂಟೇಕ್ ಕಡೆಗೆ ನುಗ್ಗುತ್ತೆ, ಬ್ರೇಕೂ ಇಲ್ಲ, ಇಂಟೇಕ್ ತುಂಬ ಮಸಿ. ವಾರಂಟಿ ಕತೆ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸ ಆಗೋ ಬದಲಾವಣೆ ಮಾಡೋ ಹಾಗಿಲ್ಲ. ಹಳೇ ಗಾಡಿಯವರೂ ಕೆಲಸಕ್ಕೆ ಕೈ ಹಾಕೋ ಮುಂಚೆ ಆರ್‌ಟಿಒ ಆಫೀಸಿನಲ್ಲಿ, ಇನ್ಶೂರೆನ್ಸ್‌ನವರ ಹತ್ತಿರ ಬರಹದಲ್ಲಿ ಕೇಳಿಕೊಳ್ಳಿ.

ನಿಮಗೆ ಗೇರು, ಒಳ್ಳೇ ಪ್ಯಾಡು, ಹೊಸ ಆಯಿಲ್ಲು, ಆರ್‌ಸಿಯಲ್ಲಿ ಬರೆದಷ್ಟೇ ಲೋಡು. ಕೊನೇದು ಹೇಳಿದ್ರೆ ಯಾರಿಗೂ ಹಿಡಿಸಲ್ಲ, ಗೊತ್ತು.

ಪ್ರಶ್ನೆ (ಹೊಸನಗರದ ಚಾಲಕರು):
ಇಷ್ಟೆಲ್ಲ ಯಾಕೆ ಗುರುಗಳೇ, ನಾವು ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸಿಕೊಂಡು ಇಳಿದವರು. ಎಕ್ಸಾಸ್ಟ್ ಬ್ರೇಕು, ಟಕಟಕ ಅಂತ ಸದ್ದು ಮಾಡೋ ಜೇಕ್ ಬ್ರೇಕು ಎರಡೂ ಒಂದೇನಾ?

ಉತ್ತರ:
ನ್ಯೂಟ್ರಲ್‌ನಲ್ಲಿ ಒಂದು ಹನಿಯೂ ಉಳಿಯಲ್ಲ ಅಣ್ಣಾ. ಗೇರಿನಲ್ಲಿ ಕಾಲು ತೆಗೆದು ಇಳಿದರೆ ಐಡ್ಲಿಂಗ್‌ಗಿಂತ ಮೇಲಿರೋವರೆಗೂ ಪಂಪು ಡೀಸೆಲ್ಲೇ ಕೊಡಲ್ಲ. ನ್ಯೂಟ್ರಲ್‌ನಲ್ಲೇ ಐಡ್ಲಿಂಗ್‌ಗೆ ಡೀಸೆಲ್ ಸುಡೋದು. ಎಕ್ಸಾಸ್ಟ್ ಬ್ರೇಕಂತೂ ಗೇರಿಲ್ಲದಿದ್ರೆ ಇದ್ದೂ ಇಲ್ಲ.

ಎರಡೂ ಬೇರೆ. ಜೇಕ್ ಬ್ರೇಕು ಒತ್ತಿದ ಗಾಳಿ ಪಿಸ್ಟನ್ನನ್ನ ವಾಪಸ್ ತಳ್ಳೋ ಮುಂಚೆಯೇ ಎಕ್ಸಾಸ್ಟ್ ವಾಲ್ವ್ ತೆರೆದು ಹೊರಗೆ ಬಿಟ್ಟುಬಿಡುತ್ತೆ, ಆ ಸದ್ದು ಅದರದು. ಹೆಡ್ಡಿನ ಒಳಗಿನ ಕೆಲಸ, ಪಿಕಪ್‌ಗೆ ಬರೋದಲ್ಲ. ಅದನ್ನ ಕಂಡುಹಿಡಿದ ಕ್ಲೆಸ್ಸಿ ಕಮಿನ್ಸ್‌ಗೆ ಯೋಚನೆ ಹತ್ತಿದ್ದೇ 1931ರಲ್ಲಿ ಕ್ಯಾಲಿಫೋರ್ನಿಯಾದ ಕಹೋನ್ ಘಾಟಿ ಇಳಿಯುವಾಗ. ಲಾರಿಯ ಬ್ರೇಕು ಸೋತು, ಕೆಳಗೆ ರೈಲ್ವೆ ಗೇಟಿನಲ್ಲಿ ಗೂಡ್ಸ್ ರೈಲಿಗೆ ಗುದ್ದೋದು ಸ್ವಲ್ಪದರಲ್ಲಿ ತಪ್ಪಿತ್ತು.

ಪ್ರಶ್ನೆ (ಕೊಪ್ಪದಿಂದ, ತೋಟದ ಗಾಡಿ ಓಡಿಸೋ ಸದಸ್ಯೆ):
ಸರ್, ಮಳೆಗಾಲದಲ್ಲಿ ಖಾಲಿ ಗಾಡಿ ಇಳಿಸೋವಾಗ ಎಕ್ಸಾಸ್ಟ್ ಬ್ರೇಕ್ ಹಾಕಿದರೆ ಹಿಂದೆ ಜಾರುತ್ತೆ ಅಂತ ನಮ್ಮ ಡ್ರೈವರ್ ಅಣ್ಣ ಹೇಳ್ತಾರೆ. ಹೌದಾ?

ಉತ್ತರ:
ನಿಮ್ಮ ಡ್ರೈವರ್ ಹೇಳಿದ್ದು ಸರಿ ಮೇಡಂ. ಪಿಕಪ್‌ನಲ್ಲಿ ಎಂಜಿನ್ ಹಿಡಿತ ಹಿಂದಿನ ಎರಡು ಚಕ್ರಕ್ಕೇ ಹೋಗೋದು. ಖಾಲಿ ಗಾಡಿಯ ಹಿಂಭಾಗ ಹಗುರ. ಅದರ ಮೇಲೆ ಜೂನ್, ಜುಲೈನ ಪಾಚಿ, ಒದ್ದೆ ಎಲೆ. ಹೇರ್‌ಪಿನ್ ಒಳಗೆ ಹಿಂದಿನ ಚಕ್ರ ಹಿಡಿದುಕೊಂಡ್ರೆ ಗಾಡಿ ಅಡ್ಡ ತಿರುಗುತ್ತೆ. ಚಕ್ರ ಜಾಮ್ ಆಗದ ಹಾಗೆ ನೋಡಿಕೊಳ್ಳೋ ಎಬಿಎಸ್ ಇದ್ರೂ ಈ ಹೊರಗಿನ ಕಿಟ್ಟು ಅದರ ಮಾತು ಕೇಳಲ್ಲ. ಖಾಲಿ ಇದ್ದು ಮಳೆ ಬರ್ತಿದ್ರೆ ಡ್ಯಾಶ್‌ಬೋರ್ಡ್ ಸ್ವಿಚ್ ಆಫ್ ಮಾಡಿಬಿಡಿ, ಗೇರಿನಲ್ಲೇ ಇಳಿಸಿ. ಲೋಡಿದ್ರೆ ನೇರ ರಸ್ತೆಯಲ್ಲಿ ಹಾಕಿ, ತಿರುವಿನ ಒಳಗೆ ಬಿಡಿ.

ಇನ್ನೊಂದು, ಇಡೀ ಮಳೆಗಾಲ ಆಫ್ ಮಾಡಿ ಇಟ್ರೆ ತಟ್ಟೆಯ ಶಾಫ್ಟ್ ತುಕ್ಕು ಹಿಡಿದು ಕೂತುಬಿಡುತ್ತೆ. ಬೆಳಗ್ಗೆ ಗಾಡಿ ಬಿಸಿಯಾದ ಮೇಲೆ ಸಮ ರಸ್ತೆಯಲ್ಲಿ ಒಂದೆರಡು ಸಲ ಹಾಕಿ ತೆಗೀರಿ. ಏರು ಹತ್ತೋವಾಗ ದಮ್ಮಿಲ್ಲ, ಹೊಗೆ ಕಪ್ಪು ಅಂದ್ರೆ ಮೊದಲು ಈ ತಟ್ಟೆ ಅರ್ಧ ಮುಚ್ಚಿ ಸಿಕ್ಕಿಕೊಂಡಿದೆಯಾ ನೋಡಿ.

ಪ್ರಶ್ನೆ (ತೀರ್ಥಹಳ್ಳಿಯವರೇ ಮತ್ತೆ):
ಅಣ್ಣಾ, ಗುಜರಿ ಸೆಟ್ಟು ಬಿಟ್ಟೆ. ಆಯಿಲ್ ಬದಲಿಸಿ ಯಾವ ಕಾಲ ಆಯ್ತೋ. ನಾಳೆ ಅದನ್ನ ಮಾಡಿಸಿ ಎರಡನೇ ಗೇರಲ್ಲಿ ಇಳಿದು ನೋಡ್ತೀನಿ. ಆಮೇಲೂ ಕಿಟ್ ಹಾಕಿಸಿದರೆ ಹಿಂದಿನ ಬ್ರೇಕ್ ಲೈಟು ಹತ್ತುತ್ತಾ?

ಉತ್ತರ:
ತಾನಾಗಿ ಹತ್ತಲ್ಲ, ಲೈಟಿನ ಸ್ವಿಚ್ಚು ಇರೋದು ಕಾಲು ಪೆಡಲಿನಲ್ಲಿ. ಸೊಲೆನಾಯ್ಡಿಗೆ ಹೋಗೋ ವೈರಿನಿಂದಲೇ ಒಂದು ರಿಲೇ ಕೊಟ್ಟು ಸ್ಟಾಪ್ ಲೈಟಿಗೆ ಸೇರಿಸಿ ಅಂತ ಎಲೆಕ್ಟ್ರಿಷಿಯನ್‌ಗೆ ಹೇಳಿ, ಫ್ಯೂಸ್ ಬೇರೆಯೇ ಇರಲಿ. ಆಗುಂಬೆ ಮಂಜಿನಲ್ಲಿ ಹಿಂದಿನ ಬಸ್ಸಿನವನಿಗೆ ನೀವು ನಿಧಾನ ಆಗಿದ್ದು ಗೊತ್ತಾಗಬೇಕಲ್ಲ. ಆಯಿಲ್ ಬದಲಿಸಿದ ಮೇಲೆ ನಾಲ್ಕೂ ಚಕ್ರದ ಬ್ರೇಕ್ ಲೈನಿನೊಳಗಿನ ಗಾಳಿ ತೆಗೆಸಿ, ಪೆಡಲ್ ಎಷ್ಟು ಎತ್ತರದಲ್ಲಿ ಹಿಡಿಯುತ್ತೆ ಅಂತ ಬರೆದು ಹಾಕಿ. ಕಿಟ್ ಬೇಕಾ ಬೇಡವಾ ಅದನ್ನ ನೋಡಿ ಹೇಳ್ತೀನಿ.