ಮಗಳು ಮಂಕಾಗಿಬಿಡ್ತಾಳಾ ಅಂತ ಕೇಳಿದವರಿಗೆ

ಆಗಸ್ಟಿಗೆ ಜರ್ಮನಿಯ ಮ್ಯೂನಿಕ್‌ಗೆ ಬರ್ತಿದ್ದೀವಿ, ಮಗಳಿಗೆ ನಾಲ್ಕು ವರ್ಷ, ಇಲ್ಲಿ ಇಡೀ ಅಪಾರ್ಟ್‌ಮೆಂಟ್ ಅವಳ ಕೈಯಲ್ಲಿದೆ, ಅಲ್ಲಿ ಭಾಷೆ ಬರದೆ ಮಂಕಾಗಿಬಿಟ್ಟರೆ ಏನ್ ಗತಿ ಅಂತ ನಮ್ಮ ಗುಂಪಲ್ಲಿ ನೀವು ಕೇಳಿದ್ರಿ. ಕೆಳಗೆ ಎಲ್ಲರೂ "ಮಕ್ಕಳು ಬೇಗ ಹೊಂದ್ಕೋತಾರೆ ಬಿಡಿ" ಅಂತ ಧೈರ್ಯ ಹೇಳಿದ್ದಾರೆ. ನಿಜವೇ. ಆದರೆ ಹೊಂದ್ಕೊಂಡ ಮೇಲೆ ಏನಾಗುತ್ತೆ ಅಂತ ಒಬ್ಬರೂ ಹೇಳಿಲ್ಲ. ನಾನು ಹೇಳ್ತೀನಿ ಕೇಳಿ. ಮನೆಯೊಳಗೆ ಒಬ್ಬ ಸರ್ಕಾರಿ ಇನ್‌ಸ್ಪೆಕ್ಟರ್ ಬಂದು ಠಿಕಾಣಿ ಹೂಡಿದ ಹಾಗಾಗುತ್ತೆ. ಮಂಕಾಗೋದು ಅಪ್ಪ ಅಮ್ಮ.

ನಮ್ಮ ಪುಟ್ಟಿ ಇಲ್ಲಿಗೆ ಬಂದಾಗ ಮೂರು ದಾಟಿತ್ತು, ಈಗ ಆರರ ಹತ್ತಿರ. ಇಲ್ಲಿ ಕಿಂಡರ್‌ಗಾರ್ಟನ್ ಗೇಟಲ್ಲಿ ಮಗು ಬಿಟ್ಟು ಓಡಿಬರೋ ಪದ್ಧತಿ ಇಲ್ಲ. ಮೊದಮೊದಲು ಅಪ್ಪನೋ ಅಮ್ಮನೋ ಒಳಗೇ ಕೂರಬೇಕು. ಆಮೇಲೆ ಹತ್ತು ನಿಮಿಷ ಹೊರಗೆ, ಆಮೇಲೆ ಅರ್ಧ ಗಂಟೆ, ಹೀಗೆ ವಾರಗಟ್ಟಲೆ ನಡೆಯುತ್ತೆ. ಇಬ್ಬರಲ್ಲಿ ಒಬ್ಬರು ಆಫೀಸಿಗೆ ಮೊದಲೇ ಹೇಳಿ ರಜೆ ಉಳಿಸ್ಕೊಂಡಿರಿ. ನನ್ನನ್ನ ಗೋಡೆ ಪಕ್ಕ ಒಂದು ಚೋಟುದ್ದದ ಕುರ್ಚಿಯಲ್ಲಿ ಕೂರಿಸಿದ್ರು, ಮೊಣಕಾಲು ಗಲ್ಲಕ್ಕೆ ತಾಗ್ತಿತ್ತು. ಆಟಕ್ಕೆ ಸೇರಬೇಡಿ, ಮಗು ತಾನಾಗಿ ಬಂದರೆ ಮಾತ್ರ ಮಾತಾಡಿ ಅಂತ ಅಪ್ಪಣೆ ಬೇರೆ. ನಾನು ಬ್ಯಾಗಿನ ತುಂಬ ಟಿಶ್ಯೂ ಇಟ್ಕೊಂಡು, ಅವಳು ಅಳ್ತಾಳೆ ಅಂತ ಕಾಯ್ತಾ ಕೂತಿದ್ದೆ. ಎರಡನೇ ದಿನ ಪುಟ್ಟಿ ಸೀದಾ ಬಂದಳು, ಕೈಯಲ್ಲಿ ನನ್ನ ಕೋಟು. "ಅಮ್ಮ, ಏಳು. ಇಲ್ಲಿ ಯಾರ ಅಮ್ಮನೂ ಇಲ್ಲ. ನೀನು ಮನೆಗೆ ಹೋಗಿ ಅನ್ನ ಮಾಡು."

ಟೀಚರ್‌ಗೆ ಕನ್ನಡ ತಿಳಿಯದಿದ್ರೂ ಕೋಟು ತಿಳೀತು. ಆದ್ರೆ ಹತ್ತು ನಿಮಿಷ ಹೊರಗಿರೋದು ಪಟ್ಟಿ ಪ್ರಕಾರ ನಾಳೆ, ಇವತ್ತಲ್ಲ. ಹಾಗಾಗಿ ಮಗಳು ಹೊರಗೆ ಹಾಕಿದ, ಕಿಂಡರ್‌ಗಾರ್ಟನ್ ಒಳಗಿರು ಅಂದ ತಾಯಿಯಾಗಿ ನಾನು ಕಾರಿಡಾರಿನಲ್ಲಿ, ನೀರು ತೊಟ್ಟಿಕ್ಕೋ ರಬ್ಬರ್ ಪ್ಯಾಂಟುಗಳ ಕೆಳಗೆ ಕೂತಿದ್ದೆ. ಆ ರಬ್ಬರ್ ಪ್ಯಾಂಟು ಒಂದು ಕೊಂಡ್ಕೊಳ್ಳಿ, ಬೆಂಗಳೂರಿಂದ ರೇನ್‌ಕೋಟ್ ತರಬೇಡಿ, ಏನೂ ಉಪಯೋಗ ಇಲ್ಲ. ಮಳೆ ಅಂತ ಇಲ್ಲಿ ಮಕ್ಕಳನ್ನ ಒಳಗೆ ಕೂಡಿಹಾಕಲ್ಲ. ಕೆಸರಲ್ಲಿ ಬಿಡ್ತಾರೆ, ಸಂಜೆ ಕೆಸರು ಸಮೇತ ನಿಮಗೆ ಕೊಡ್ತಾರೆ.

ಸೀಟಿನ ವಿಷಯ ಕೇಳಿದ್ರಲ್ಲ. ಮೂರು ತುಂಬಿದ ಮಗುವಿಗೆ ಕಿಂಡರ್‌ಗಾರ್ಟನ್ ಸೀಟು 1996ರಿಂದ ಕಾನೂನಿನ ಹಕ್ಕು. ಹಕ್ಕಿದೆ ಅಂತ ಮನೆ ಪಕ್ಕದಲ್ಲೇ ಸಿಗುತ್ತೆ ಅಂದ್ಕೋಬೇಡಿ. ಮನೆ ವಿಳಾಸ ಖಚಿತವಾದ ತಕ್ಷಣ ನಗರಪಾಲಿಕೆಯ 'ಕಿಟಾ ಫೈಂಡರ್' ಸೈಟಿನಲ್ಲಿ ಹೆಸರು ಹಾಕಿ. ದಡಾರದ ಚುಚ್ಚುಮದ್ದು ಆಗಿದೆ ಅನ್ನೋದಕ್ಕೆ ದಾಖಲೆ ಬೇಕೇ ಬೇಕು, 2020ರ ಮಾರ್ಚಿನಿಂದ ಕಾನೂನು ಹಾಗಿದೆ. ಎರಡು ವರ್ಷ ದಾಟಿದ ಮಕ್ಕಳಿಗೆ ಎರಡು ಡೋಸ್. ಊರಿನ ಮಕ್ಕಳ ಡಾಕ್ಟರ ಹತ್ತಿರ ಆ ಕಾರ್ಡಿನಲ್ಲಿ ಸೀಲು, ತಾರೀಖು ಎಲ್ಲ ಓದೋ ಹಾಗೆ ಹಾಕಿಸ್ಕೊಂಡು ಬನ್ನಿ. ಡಾಕ್ಟರ ಕೈಬರಹ ನಮಗೇ ಓದೋಕೆ ಬರಲ್ಲ, ಇವರಿಗೆಲ್ಲಿ ಬರುತ್ತೆ.

ನಾಲ್ಕು ತುಂಬೋ ಹೊತ್ತಿಗೆ ಯು8 ಅಂತ ಒಂದು ತಪಾಸಣೆ ಇರುತ್ತೆ, ಮ್ಯೂನಿಕ್ ಇರೋ ಬವೇರಿಯಾ ರಾಜ್ಯದಲ್ಲಿ ಕಡ್ಡಾಯ. ತೂಕ, ಎತ್ತರ, ಕಣ್ಣು, ಕಿವಿ ನೋಡಿ, ಒಂಟಿ ಕಾಲಲ್ಲಿ ಕುಣಿಸಿ, ಆಮೇಲೆ ಮಾತಾಡಿಸ್ತಾರೆ. ನಮ್ಮ ಡಾಕ್ಟರಮ್ಮ ಕೇಳಿದ್ರು, "ನಿಂಗೆ ಹಸಿವಾದ್ರೆ ಏನ್ ಮಾಡ್ತೀಯ?"

"ಅಪ್ಪನ್ನ ಎಬ್ಬಿಸ್ತೀನಿ."

"ಸುಸ್ತಾದ್ರೆ?"

"ನಂಗೆ ಸುಸ್ತಾಗಲ್ಲ. ಅಮ್ಮಂಗಾಗುತ್ತೆ."

"ಚಳಿಯಾದ್ರೆ?"

"ದಾವಣಗೆರೆಗೆ ಹೋಗ್ತೀನಿ."

ಡಾಕ್ಟರಮ್ಮ ಕೊನೇದನ್ನ ನನ್ನ ಹತ್ತಿರ ಕೇಳಿ ತಿಳ್ಕೊಂಡು, ಆ ಹಳದಿ ಪುಸ್ತಕದಲ್ಲಿ ಏನೋ ಬರೆದು ಮುಚ್ಚಿದ್ರು. ಏನು ಬರೆದ್ರೋ ಓದೋಕೆ ನನಗಿನ್ನೂ ಆಗಿಲ್ಲ. ಡಾಕ್ಟರ ಕೈಬರಹ ಎಲ್ಲಾ ದೇಶದಲ್ಲೂ ಒಂದೇ ಅಂತ ಕಾಣುತ್ತೆ.

ಇನ್ನು ಭಾನುವಾರ. ಇಲ್ಲಿ ಭಾನುವಾರ ಅಂದ್ರೆ ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ, ಡ್ರಿಲ್ ಹಾಕೋ ಹಾಗಿಲ್ಲ, ಖಾಲಿ ಬಾಟಲಿಯನ್ನ ಬೀದಿಯ ಗಾಜಿನ ಡಬ್ಬಕ್ಕೆ ಎಸೆಯೋ ಹಾಗೂ ಇಲ್ಲ. ಬಂದ ಹೊಸತರಲ್ಲಿ ಇದನ್ನ ಕೇಳಿ ಕೇಳಿ ನಾನು ಎಷ್ಟು ಹೆದರಿದ್ದೆ ಅಂದ್ರೆ, ದೋಸೆಗೆ ಚಟ್ನಿ ಬೇಕಾದ್ರೆ ಮಿಕ್ಸೀನ ಬಚ್ಚಲುಮನೆಗೆ ಒಯ್ದು, ಬಾಗಿಲು ಹಾಕಿ, ದಪ್ಪ ಟವೆಲ್ ಸುತ್ತಿ ತಿರುಗಿಸ್ತಿದ್ದೆ. ಪುಟ್ಟಿಗಂತೂ ಸೋಫಾ ಮೇಲಿಂದ ಹಾರಬೇಡ, ಕೆಳಗಿನ ಮನೆ ಅಜ್ಜಿ ಮಲಗಿದ್ದಾರೆ ಅಂತ ಬೆಳಿಗ್ಗೆಯಿಂದ ರಾತ್ರಿ ತನಕ ಅದೇ ಮಂತ್ರ. ಒಂದಿನ ಮೆಟ್ಟಿಲಲ್ಲಿ ಆ ಅಜ್ಜಿ ಎದುರಾದ್ರು. ನಾನು ನಮಸ್ಕಾರ ಹೇಳೋ ಮೊದಲೇ ಪುಟ್ಟಿ ಅವರ ದಾರಿಗೆ ಅಡ್ಡ ನಿಂತು ವಿಚಾರಣೆ ಶುರುಮಾಡಿದಳು. "ನೀವು ಯಾವಾಗ ಏಳ್ತೀರ? ನೀವು ಯಾವಾಗ್ಲೂ ಮಲಗಿರ್ತೀರ ಅಂತ ಅಮ್ಮ ಹೇಳ್ತಾಳೆ." ಅಷ್ಟಕ್ಕೇ ಬಿಟ್ಟಿದ್ರೆ ಪುಣ್ಯ. "ಅಮ್ಮ ಭಾನುವಾರ ಬಚ್ಚಲಲ್ಲಿ ಮೆಷಿನ್ ಓಡಿಸ್ತಾಳೆ. ಟವೆಲ್ ಹಾಕ್ತಾಳೆ, ನಿಮಗೆ ಗೊತ್ತಾಗಬಾರದು ಅಂತ."

ಆ ಅಜ್ಜಿಗೆ ಗೊತ್ತಿತ್ತು ಅನ್ನಿ. ಅವರ ಬಚ್ಚಲು ನಮ್ಮ ಬಚ್ಚಲಿನ ನೇರ ಕೆಳಗೇ ಇದೆ, ಸದ್ದು ಪೈಪಿನಲ್ಲಿ ಸೀದಾ ಇಳೀತಿತ್ತು. ಅಡುಗೆಮನೆಯಲ್ಲೇ ತಿರುಗಿಸಿದ್ರೆ ತಮಗೆ ಇಷ್ಟು ಕೇಳಲ್ಲ ಅಂತ ಅವರೇ ಹೇಳಿದ್ರು. ಮಧ್ಯಾಹ್ನ ಮೂರಕ್ಕೆ ಏಳ್ತೀನಿ, ಮೂರರ ಮೇಲೆ ಹಾರ್ಕೋ ಅಂತ ಪುಟ್ಟಿಗೂ ಪರ್ಮಿಷನ್ ಸಿಕ್ಕಿತು. ಈಗ ಭಾನುವಾರ ಮೂರು ಗಂಟೆಗೆ ಸರಿಯಾಗಿ ಸೋಫಾ ಮೇಲಿಂದ ಧಡ್ ಅಂತ ಸದ್ದು ಬರುತ್ತೆ, ಗಡಿಯಾರ ನೋಡೋದೇ ಬೇಡ. ನೀವೂ ಇಡೀ ದಿನ ಮಗೂನ ಶ್ ಶ್ ಅಂತ ಕೂರಿಸಬೇಡಿ. ಕಿಂಡರ್‌ಗಾರ್ಟನ್, ಆಟದ ಮೈದಾನಗಳಲ್ಲಿ ಮಕ್ಕಳು ಮಾಡೋ ಸದ್ದನ್ನ ಸಾಮಾನ್ಯವಾಗಿ ಉಪದ್ರವ ಅಂತ ಲೆಕ್ಕ ಹಾಕಬಾರದು ಅಂತ 2011ರಲ್ಲಿ ಕಾನೂನನ್ನೇ ತಿದ್ದಿದ್ದಾರೆ. ಮನೆಯೊಳಗಿನ ಗಲಾಟೆಗೆ ಆ ಕಾನೂನು ನೇರ ಬರಲ್ಲ, ಆದ್ರೂ ಹಗಲು ಹೊತ್ತು ಮಗು ಓಡಾಡಿದ್ದಕ್ಕೆ ಯಾರೂ ನಿಮ್ಮನ್ನ ಊರಿಗೆ ಅಟ್ಟಲ್ಲ. ಕೆಳಗಿನವರನ್ನ ಒಮ್ಮೆ ಹೋಗಿ ಮಾತಾಡಿಸಿ. ಮಗಳು ಮಾತಾಡಿಸೋಕೆ ಮೊದಲು ನೀವೇ ಹೋದ್ರೆ ಒಳ್ಳೇದು.

ಈಗ ಓಬವ್ವನ ಪ್ರಕರಣ. ಇಲ್ಲಿನ ಹಳಬರಿಗೆ ಗೊತ್ತು, ಹೊಸಬರಿಗೆ ಹೇಳಲೇಬೇಕು.

ಹೋದ ವರ್ಷ ರಾಜ್ಯೋತ್ಸವಕ್ಕೆ ಮಕ್ಕಳ ಛದ್ಮವೇಷ ಇತ್ತು. ದಾವಣಗೆರೆ ಪಕ್ಕವೇ ಚಿತ್ರದುರ್ಗ, ನಮ್ಮ ಹುಡುಗಿಗೆ ಬೇರೆ ವೇಷ ಯಾಕೆ ಅಂತ ಒನಕೆ ಓಬವ್ವ ಅಂತಾಯ್ತು. ಒನಕೆಗೆ ಏನ್ ಮಾಡೋದು? ಗಿಫ್ಟ್ ಪೇಪರ್ ಸುತ್ತಿ ಬರುತ್ತಲ್ಲ, ಆ ಉದ್ದನೆಯ ರಟ್ಟಿನ ಕೊಳವೆಗೆ ಕಂದು ಬಣ್ಣ ಬಳಿದೆವು. ನನ್ನ ಇಳಕಲ್ ರವಿಕೆ ಕಣವನ್ನೇ ಕಚ್ಚೆ ಹಾಕಿ ಉಡಿಸಿದೆ. ನಮ್ಮನೆಯವರು ಹೈದರಾಲಿಯ ಸೈನಿಕನಾಗಿ ಮೇಜಿನ ಕೆಳಗಿಂದ ತೆವಳಿ ಬಂದು ಬಂದು ಒದೆ ತಿಂದು ಪ್ರಾಕ್ಟೀಸ್ ಮಾಡಿಸಿದ್ರು. ವೇದಿಕೆ ಮೇಲೆ ಚೆನ್ನಾಗೇ ಆಯ್ತು. ಮುಗೀತು ಅಂದ್ಕೊಂಡೆ.

ಸೋಮವಾರ ಬೆಳಿಗ್ಗೆ ಕಿಂಡರ್‌ಗಾರ್ಟನ್‌ನಲ್ಲಿ ಮಕ್ಕಳನ್ನೆಲ್ಲ ಸುತ್ತ ಕೂರಿಸಿ, ರಜೆಯಲ್ಲಿ ಏನ್ ಮಾಡಿದ್ರಿ ಅಂತ ಒಬ್ಬೊಬ್ಬರನ್ನೇ ಕೇಳ್ತಾರೆ. ಒಬ್ಬ ಈಜೋಕೆ ಹೋಗಿದ್ದನಂತೆ, ಇನ್ನೊಬ್ಬಳು ಅಜ್ಜಿ ಮನೆಯಲ್ಲಿ ಕೇಕ್ ತಿಂದಳಂತೆ. ನಮ್ಮವಳ ಸರದಿ ಬಂತು. ಸಂಜೆ ಕರ್ಕೊಂಡು ಬರೋಕೆ ಹೋದ್ರೆ ಟೀಚರ್ "ಒಂದು ನಿಮಿಷ ಒಳಗೆ ಬರ್ತೀರಾ" ಅಂದು ಬಾಗಿಲು ಮುಚ್ಚಿದ್ರು. ಎದುರಿಗೊಂದು ಚೀಟಿ. ಅದರಲ್ಲಿದ್ದದ್ದನ್ನ ನಿಧಾನಕ್ಕೆ, ನನಗೆ ಅರ್ಥವಾಗಲಿ ಅಂತ ಬಿಡಿಸಿ ಬಿಡಿಸಿ ಓದಿದ್ರು: ಗಂಡಸರು ಗೋಡೆಯ ತೂತಿನಿಂದ ಬಂದರು. ನಾನು ಒಬ್ಬೊಬ್ಬರ ತಲೆಗೂ ಕೋಲಿನಿಂದ ಹೊಡೆದೆ. ಎಲ್ಲರೂ ಸತ್ತುಹೋದರು. ಅಪ್ಪನೂ ಸತ್ತರು. ಅಮ್ಮ ವಿಡಿಯೋ ಮಾಡಿದಳು.

ಆಗ ನನಗೆ ಬರ್ತಿದ್ದ ಜರ್ಮನ್‌ನಲ್ಲಿ ಬ್ರೆಡ್ ಕೊಳ್ಳಬಹುದಿತ್ತು, ಟ್ರೈನ್ ಎಷ್ಟು ಹೊತ್ತಿಗೆ ಅಂತ ಕೇಳಬಹುದಿತ್ತು. ಮದಕರಿ ನಾಯಕನ ಕೋಟೆಯ ಮುತ್ತಿಗೆ ವಿವರಿಸೋ ಪಾಠ ಇನ್ನೂ ಆಗಿರಲಿಲ್ಲ. ಅಪ್ಪ ಬದುಕಿದ್ದಾರೆ ಅಂತ ಮೊದಲು ಹೇಳಿದೆ. ಆಮೇಲೆ ಫೋನ್ ತೆಗೆದು ವಿಡಿಯೋ ತೋರಿಸಿದೆ, ಓಬವ್ವನ ಕಿಂಡಿಯ ಫೋಟೋ ಹುಡುಕಿ ತೋರಿಸಿದೆ. ಟೀಚರ್ ಕಿಂಡಿಯನ್ನ ದೊಡ್ಡದು ಮಾಡಿ ನೋಡಿದ್ರು. ಅವಳ ಗಂಡ ಕಾವಲುಗಾರ ಅಂದ್ರಲ್ಲ, ಆವಾಗ ಎಲ್ಲಿದ್ದ ಅಂತ ಕೇಳಿದ್ರು. ಮನೆಯಲ್ಲಿ ಊಟ ಮಾಡ್ತಿದ್ದ ಅಂದೆ. "ಆಹಾ" ಅಂದು ಚೀಟಿ ಮಡಿಸಿ ಜೇಬಿಗೆ ಹಾಕ್ಕೊಂಡ್ರು. ಆ ಒಂದು 'ಆಹಾ'ದಿಂದ ನನಗೂ ಅವರಿಗೂ ಸ್ನೇಹ ಆಯ್ತು.

ನವೆಂಬರ್ 11ಕ್ಕೆ ಇಲ್ಲಿ ಸಂತ ಮಾರ್ಟಿನ್ ಹಬ್ಬ. ಕತ್ತಲಾದ ಮೇಲೆ ಮಕ್ಕಳು ತಾವೇ ಮಾಡಿದ ಕಾಗದದ ಲಾಟೀನು ಹಿಡಿದು ಹಾಡ್ಕೊಂಡು ಹೋಗ್ತಾರೆ, ಮುಂದೆ ಕುದುರೆ ಮೇಲೆ ಮಾರ್ಟಿನ್, ಚಳಿಯಲ್ಲಿ ನಡುಗೋ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನ ಕತ್ತಿಯಿಂದ ಅರ್ಧ ಕತ್ತರಿಸಿ ಕೊಡ್ತಾನೆ. ಪುಟ್ಟಿ ಒಂದು ಕೈಯಲ್ಲಿ ಲಾಟೀನು, ಇನ್ನೊಂದರಲ್ಲಿ ಒನಕೆ ಹಿಡಿದು ಹೊರಟಿದ್ದಳು. ಟೀಚರ್ ಗೇಟಲ್ಲೇ ನಿಂತಿದ್ರು. ಕೈ ಚಾಚಿದ್ರು. ಒನಕೆ ಜಪ್ತಿ ಆಯ್ತು. ಭಿಕ್ಷುಕನ ವೇಷದವರಿಗೆ ತಾವು ಎಂಥ ಗಂಡಾಂತರದಿಂದ ಪಾರಾದೆವು ಅನ್ನೋದು ಇವತ್ತಿಗೂ ಗೊತ್ತಿಲ್ಲ.

ಅವಳಿಗೆ ಹೊರಗೆ ಜರ್ಮನ್ ಹೇಗೆ ಬಂತು ಅಂತ ಕೇಳಿದ್ರೆ ಹೀಗೇ, ಜಗಳ ಆಡಿ ಬಂತು. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡಬೇಡಿ ಅನ್ನೋದು ನನ್ನ ಹಠ, ಗುಂಪಲ್ಲಿ ಕೆಲವರಿಗೆ ಒಪ್ಪಿಗೆ ಇಲ್ಲ, ಇರಲಿ. ಸೂಪರ್‌ಮಾರ್ಕೆಟ್‌ನ ಮಾಂಸದ ಕೌಂಟರಿನಲ್ಲಿ ಮಕ್ಕಳನ್ನ ಕಂಡ್ರೆ ಒಂದು ಚೂರು ಸಾಸೇಜ್ ಪುಕ್ಕಟೆ ಕೊಡೋ ರೂಢಿ ಇದೆ. ನಾವು ಸಸ್ಯಾಹಾರಿಗಳು. ಬೇಡ ಅನ್ನೋದನ್ನ ಮರ್ಯಾದೆಯಾಗಿ ಹೇಗೆ ಹೇಳೋದು ಅಂತ ನಾನು ವಾಕ್ಯ ಕಟ್ಟೋ ಹೊತ್ತಿಗೆ ಇವಳು, "ನಾನು ಅದು ತಿನ್ನಲ್ಲ. ಪಕ್ಕದಲ್ಲಿ ಚೀಸ್ ಇದೆ. ಅದು ಕೊಡಿ. ಅಮ್ಮಂಗೂ ಒಂದು." ನನಗೂ ಸಿಕ್ಕಿತು.

ನಮ್ಮತ್ತೆ ಬಂದಾಗ ಇನ್‌ಸ್ಪೆಕ್ಟರ್‌ಗಿರಿ ಪೂರ್ತಿ ಅವರ ಮೇಲೆ ತಿರುಗಿತು. ಇಲ್ಲಿ ರಸ್ತೆ ಖಾಲಿ ಇದ್ರೂ ಸಿಗ್ನಲ್ಲಿನ ಕೆಂಪು ಮನುಷ್ಯ ಹಸಿರಾಗೋ ತನಕ ದಾಟಬಾರದು, ಅದರಲ್ಲೂ ಮಕ್ಕಳೆದುರು ದಾಟಿದ್ರೆ ದಾರೀಲಿ ಹೋಗೋರೇ ಗದರಿಸ್ತಾರೆ. ಅತ್ತೆ ಎರಡೂ ಕಡೆ ನೋಡಿ, "ಒಂದು ಗಾಡಿನೂ ಇಲ್ಲ, ಬಾರವ್ವ" ಅಂತ ಹೊರಟ್ರು. ಪುಟ್ಟಿ ಹಿಂದಿನಿಂದ ಸೆರಗು ಹಿಡಿದು ನೇತಾಡಿ ಎಳೆದು ನಿಲ್ಲಿಸಿ, "ಅಜ್ಜಿ, ಐದು ಯೂರೋ ದಂಡ!" ಅಂದಳು. ದಂಡ ಐದು ಯೂರೋ ಅನ್ನೋದು ನಿಜ. ಅತ್ತೆ ಸೊಂಟದ ಸಂಚಿ ಬಿಚ್ಚಿ ಹತ್ತು ರೂಪಾಯಿ ನೋಟು ಕೊಟ್ಟು, "ಚಿಲ್ಲರೆ ನೀನೇ ಇಟ್ಕೋ" ಅಂದ್ರು.

ಊರಿಗೆ ಹೋದಾಗ ಸೇಡು ತೀರಿತು. ನೆಂಟರ ಮದುವೆ, ದೊಡ್ಡ ಛತ್ರ, ಒಂದೊಂದು ಎಲೆಗೂ ಒಂದೊಂದು ಸಣ್ಣ ನೀರಿನ ಬಾಟಲಿ. ಇಲ್ಲಿ ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನ ಅಂಗಡಿಯ ಮೆಷಿನ್ನಿಗೆ ಹಾಕಿದ್ರೆ ಒಂದಕ್ಕೆ 25 ಸೆಂಟ್ ವಾಪಸ್ ಬರುತ್ತೆ, ಕೊಳ್ಳುವಾಗ ಕಟ್ಟಿದ ಠೇವಣಿ. ಮೆಷಿನ್ ಕೊಡೋ ಆ ಚೀಟಿಯ ಹಣ ನಮ್ಮನೆಯಲ್ಲಿ ಪುಟ್ಟಿಯ ಆದಾಯ. ಎರಡನೇ ಪಂಕ್ತಿ ಏಳೋ ಹೊತ್ತಿಗೆ ಮಗಳು ಕಾಣಿಸಲಿಲ್ಲ. ಹುಡುಕಿದ್ರೆ ಜರಿ ಲಂಗ ಮೇಲೆ ಸಿಕ್ಕಿಸ್ಕೊಂಡು, ಊಟದ ಮೇಜಿನ ಕೆಳಗೆ ತೆವಳ್ತಾ, ತಾಂಬೂಲದ ಚೀಲಗಳಿಗೆ ಬಾಟಲಿ ತುಂಬ್ತಿದ್ದಾಳೆ. ಚೀಲದಲ್ಲಿದ್ದ ತೆಂಗಿನಕಾಯಿಗಳೆಲ್ಲ ಸಾಲಾಗಿ ನೆಲದ ಮೇಲೆ. ನಮ್ಮ ದೊಡ್ಡತ್ತೆ ಒಬ್ಬರು ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದು, ಮೆಲ್ಲಗೆ, ತುಂಬ ಕನಿಕರದಿಂದ ಕೇಳಿದ್ರು: "ಅಲ್ಲವ್ವಾ, ಜರ್ಮನಿಯಾಗ ಅಷ್ಟು ಕಷ್ಟ ಐತೇನು?"

ಛತ್ರದ ಹಿಂದೆ ಗುಜರಿಯವನು ಬಂದಿದ್ದ. ಅವನು ಕೆಜಿ ಲೆಕ್ಕ ಅಂತಾನೆ, ಇವಳು ಬಾಟಲಿ ಲೆಕ್ಕ ಅಂತಾಳೆ. ತಕ್ಕಡಿ ತೋರಿಸಿದ, ಒಪ್ಪಲಿಲ್ಲ. ಕೊನೆಗೆ ಇಪ್ಪತ್ತು ರೂಪಾಯಿಗೆ ಇತ್ಯರ್ಥವಾಯ್ತು. ರಸೀದಿ ಕೊಡಿ ಅಂದಳು ನೋಡಿ, ಆಗ ಅವನು ಗಾಡಿ ತಳ್ಕೊಂಡು ಹೊರಟೇಬಿಟ್ಟ.

ಟಿಕೆಟ್ ಬಗ್ಗೆ ಒಂದು ಮಾತು. ಶಾಲೆ ಶುರುವಾದ ಮೇಲೆ ರಜೆ ಬಿಟ್ಟು ಬೇರೆ ದಿನ ಮಗೂನ ಊರಿಗೆ ಕರ್ಕೊಂಡು ಹೋಗೋಕೆ ಬಿಡಲ್ಲ, ಸುಮ್ಮನೆ ತಪ್ಪಿಸಿದ್ರೆ ದಂಡ ಬೀಳಬಹುದು. ಹಾಗಾಗಿ ಅಣ್ಣ ತಮ್ಮಂದಿರ ಮದುವೆಗಳನ್ನೆಲ್ಲ ಮೊದಲೇ ಮುಗಿಸ್ಕೊಳ್ಳಿ. ಬವೇರಿಯಾದ ಬೇಸಿಗೆ ರಜೆ ಆಗಸ್ಟಿನಿಂದ ಸೆಪ್ಟೆಂಬರ್ ಮಧ್ಯದ ತನಕ, ಗೌರಿ ಗಣೇಶ ಎಷ್ಟೋ ವರ್ಷ ಅದರೊಳಗೇ ಬರುತ್ತೆ, ಅದೊಂದು ಪುಣ್ಯ.

ಪುಟ್ಟಿಗೂ ಈ ಸೆಪ್ಟೆಂಬರಿಗೆ ಒಂದನೇ ಕ್ಲಾಸು. ಮೊದಲ ದಿನ ಮಕ್ಕಳಿಗೆ ಅವರ ಅರ್ಧ ಎತ್ತರದ ರಟ್ಟಿನ ಶಂಕು ಕೊಡ್ತಾರೆ, ಒಳಗೆ ಮಿಠಾಯಿ, ಪೆನ್ಸಿಲ್, ಆಟದ ಸಾಮಾನು. ಅದನ್ನ ತುಂಬಬೇಕಾದವರು ಮನೆಯವರೇ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಪುಟ್ಟಿ ಅಜ್ಜಿಗೆ ಶಂಕು ತೋರಿಸಿದಳು. ಅತ್ತೆ ಕನ್ನಡಕ ಹಾಕ್ಕೊಂಡು ಒಳಗೂ ಹೊರಗೂ ತಿರುಗಿಸಿ ತೋರಿಸು ಅಂತ ನೋಡಿ, "ಎಷ್ಟು ಸೇರು ಹಿಡಿತೈತಿ ಇದು? ಮಂಡಕ್ಕಿ ಆದ್ರ ಹಗುರ, ವಿಮಾನದಾಗೂ ತೂಕ ಬರಂಗಿಲ್ಲ" ಅಂದ್ರು. ನಾಳೆನೇ ಹೊಸ ಮಂಡಕ್ಕಿ ಕೊಳ್ಳೋಕೆ ಹೋಗ್ತಾರಂತೆ. ನೀವು ಆಗಸ್ಟಿಗೆ ಬರೋರು, ನಿಮ್ಮ ಲಗೇಜಲ್ಲಿ ಒಂದು ಚೀಲದ ಜಾಗ ಇರುತ್ತಾ?