ಸೋಲಾರ್ ವರದಿಯ ‘ಶೇಡಿಂಗ್’ ಅಂದರೆ ನೆರಳೋ, ಮರೆಯೋ?

ಎಲ್ಲರಿಗೂ ನಮಸ್ಕಾರ.

ಸೋಲಾರ್ ವರದಿಯಲ್ಲಿ ಬರುವ ಕೆಲವು ಇಂಗ್ಲಿಷ್ ಮಾತುಗಳಿಗೆ ಕನ್ನಡ ಪದ ಬೇಕಾಗಿವೆ. ಹಿನ್ನೆಲೆ ಹೇಳದೆ ಕೇಳಿದರೆ ‘ಛಾಯಾ ನಷ್ಟ’ ಅಂತ ಒಂದೇ ಸಾಲಿನ ಉತ್ತರ ಬರುತ್ತದೆ, ಅದು ಬೇಡ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಾನು ಮೈಸೂರಿನಲ್ಲಿ ಮನೆ ತಾರಸಿಗಳ ಸೋಲಾರ್‌ಗೆ ಲೆಕ್ಕ ಹಾಕಿಕೊಡುವ ಕೆಲಸದಲ್ಲಿದ್ದೇನೆ. ತಾರಸಿಯ ಅಳತೆ ತಂದು, ಕಂಪ್ಯೂಟರಿನಲ್ಲಿ ಆ ಮನೆ, ಪ್ಯಾರಪೆಟ್, ನೀರಿನ ಟ್ಯಾಂಕ್, ಪಕ್ಕದವರ ತೆಂಗಿನ ಮರ ಎಲ್ಲವನ್ನೂ ಕಟ್ಟುತ್ತೇವೆ. ವರ್ಷದ 8,760 ಗಂಟೆಯಲ್ಲಿ ಯಾವಾಗ ಸೂರ್ಯ ಎಲ್ಲಿರುತ್ತಾನೆ, ಯಾವ ಪ್ಯಾನೆಲ್ ಮೇಲೆ ಎಷ್ಟು ಬಿಸಿಲು ಬೀಳುತ್ತದೆ, ಕೊನೆಗೆ ಎಷ್ಟು ಯೂನಿಟ್ ಕರೆಂಟ್ ಬರುತ್ತದೆ ಅನ್ನೋದನ್ನ ತಂತ್ರಾಂಶ ಲೆಕ್ಕ ಹಾಕುತ್ತದೆ. ನಾವು ಬಳಸುವುದು ಪಿವಿಸಿಸ್ಟ್, ಜಿನೀವಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಅಮೆರಿಕದ ಸರ್ಕಾರಿ ಇಂಧನ ಪ್ರಯೋಗಾಲಯ ಎನ್‌ಆರ್‌ಇಎಲ್ ಮಾಡಿದ ಸ್ಯಾಮ್ ಅನ್ನೋ ತಂತ್ರಾಂಶ ಕೂಡ ಇದೆ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ವರದಿ ಮಾತ್ರ ಪೂರ್ತಿ ಇಂಗ್ಲಿಷ್. 2024ರಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದು 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಅಂತಾದ ಮೇಲೆ ವಿಚಾರಿಸುವವರು ಜಾಸ್ತಿಯಾಗಿದ್ದಾರೆ. ಅವರಿಗೆ ಈ ವರದಿಯನ್ನು ಹೇಗೆ ಓದಬೇಕು ಅಂತ ಕನ್ನಡದಲ್ಲಿ ನಾಲ್ಕು ಪುಟ ಬರೆದುಕೊಡೋಣ ಅಂತ ಹೊರಟಿದ್ದೇನೆ.

‘ಶೇಡಿಂಗ್ ಲಾಸ್’ (ಬಿಸಿಲು ತಪ್ಪಿ ಆಗುವ ಕರೆಂಟ್ ನಷ್ಟ) ಅಂತಲೇ ಕನ್ನಡ ಅಕ್ಷರದಲ್ಲಿ ಬರೆದರಾಯ್ತು ಅನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಅದನ್ನ ಜನ ‘ಶೆಡ್ಡಿಂಗ್’ ಅಂತಲೇ ಕೇಳಿಸಿಕೊಳ್ಳುತ್ತಾರೆ. ಲೋಡ್ ಶೆಡ್ಡಿಂಗ್ ಗೊತ್ತಿಲ್ಲದ ಮನೆ ಕರ್ನಾಟಕದಲ್ಲಿ ಇದೆಯಾ? “ಏನಪ್ಪಾ, ಲೋಡ್ ಶೆಡ್ಡಿಂಗ್‌ನಲ್ಲಿ ಇಷ್ಟೊಂದು ಹೋಗಿಬಿಡುತ್ತಾ?” ಅಂತ ಹಿರಿಯರೊಬ್ಬರು ವರದಿ ಹಿಡಿದುಕೊಂಡು ಕೇಳಿದ್ದರು. ಕೇಳಿದ್ದರಲ್ಲಿ ತಪ್ಪೇನಿಲ್ಲ, ಯಾಕಂದರೆ ಬ್ಯಾಟರಿ ಇಲ್ಲದೆ ಸೆಸ್ಕ್ (ನಮ್ಮ ಕಡೆಯ ವಿದ್ಯುತ್ ಕಂಪನಿ) ಲೈನಿಗೆ ಜೋಡಿಸಿದ ಸೋಲಾರ್, ಲೈನ್ ಹೋದ ತಕ್ಷಣ ತಾನೂ ನಿಲ್ಲುತ್ತದೆ, ಎಂಥ ಸುಡುಬಿಸಿಲಿದ್ದರೂ. ಲೈನಿನಲ್ಲಿ ಕೆಲಸ ಮಾಡುವವರಿಗೆ ಶಾಕ್ ಹೊಡೆಯಬಾರದು ಅಂತ, ಪ್ಯಾನೆಲ್ಲಿನ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವ ಇನ್ವರ್ಟರನ್ನು ಹಾಗೆ ಮಾಡಿರುತ್ತಾರೆ. ಅಂದರೆ ಶೆಡ್ಡಿಂಗ್ ನಷ್ಟ ಅನ್ನೋದೂ ನಿಜವಾಗಿ ಇದೆ, ಶೇಡಿಂಗ್ ನಷ್ಟ ಅನ್ನೋದೂ ಇದೆ. ಒಂದೇ ವರದಿಯಲ್ಲಿ ಇವೆರಡು ಹೀಗೆ ಬೆರೆತರೆ ಕಷ್ಟ.

ಸರಿ, ‘ನೆರಳು’ ಅಂತ ಹಾಕೋಣ ಅಂತ ಕೂತೆ. ವರದಿಯಲ್ಲಿ ಶೇಡಿಂಗ್ ಒಂದು ಕಡೆಯಲ್ಲ, ಮೂರು ಕಡೆ ಬರುತ್ತದೆ. ಮೊದಲನೆಯದು ‘ಫಾರ್ ಶೇಡಿಂಗ್ಸ್’, ಅಂದರೆ ದೂರದ್ದು, ಅದರ ಜೊತೆಗೇ ‘ಹೊರೈಜನ್’ (ನೆಲದಂಚು) ಅಂತಲೂ ಇರುತ್ತದೆ. ಆಮೇಲೆ ‘ನಿಯರ್ ಶೇಡಿಂಗ್ಸ್’, ಹತ್ತಿರದ್ದು. ಇನ್ನೂ ಕೆಳಗೆ ಹೋದರೆ ಎಲೆಕ್ಟ್ರಿಕಲ್ ಲಾಸ್ ಅಂತ ಮತ್ತೊಂದು ಶೇಡಿಂಗ್. ಮೂರಕ್ಕೂ ‘ನೆರಳಿನ ನಷ್ಟ’ ಅಂತ ಹಾಕಿ ಮುಂದೆ ದೂರದ, ಹತ್ತಿರದ, ವಿದ್ಯುತ್ ಅಂತ ಅಂಟಿಸಬಹುದು. ಓದುವವರಿಗೆ ಏನೂ ತಿಳಿಯುವುದಿಲ್ಲ ಅಷ್ಟೆ.

ದೂರದ್ದನ್ನ ಮೊದಲು ನೋಡಿ. ವಿದ್ಯಾರಣ್ಯಪುರಂ ಕಡೆ ಒಂದು ಮನೆ ಅಂದುಕೊಳ್ಳಿ. ಅಲ್ಲಿಗೆ ಚಾಮುಂಡಿ ಬೆಟ್ಟ ಪೂರ್ವಕ್ಕಿಂತ ಸ್ವಲ್ಪ ದಕ್ಷಿಣಕ್ಕೆ ಬರುತ್ತದೆ, ಮೂರು ಕಿಲೋಮೀಟರ್ ಆಸುಪಾಸು. ಊರಿನ ಮಟ್ಟದಿಂದ ಬೆಟ್ಟ ಸುಮಾರು 300 ಮೀಟರ್ ಮೇಲಿದೆ, ಹಾಗಾಗಿ ತಾರಸಿಯಲ್ಲಿ ನಿಂತರೆ ನೆಲದಂಚಿನಿಂದ ಹೆಚ್ಚುಕಡಿಮೆ 6 ಡಿಗ್ರಿ ಎತ್ತರಕ್ಕೆ ಕಾಣುತ್ತದೆ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದೂ ಆ ದಿಕ್ಕಿನಲ್ಲೇ. ಬೆಟ್ಟ ದಾಟಿ ಮೇಲೆ ಬರುವ ತನಕ, ಅಂದರೆ ಅರ್ಧ ಗಂಟೆಯಷ್ಟು, ಇಡೀ ತಾರಸಿಗೆ ನೇರ ಬಿಸಿಲಿಲ್ಲ. ಬಂದ ಮೇಲೆ ಎಲ್ಲ ಪ್ಯಾನೆಲ್ಲಿಗೂ ಒಟ್ಟಿಗೆ ಬರುತ್ತದೆ. ತಂತ್ರಾಂಶದ ಲೆಕ್ಕವೂ ಹಾಗೇ, ಬಿಸಿಲು ಇದ್ದರೆ ಎಲ್ಲದಕ್ಕೂ ಇದೆ, ಇಲ್ಲದಿದ್ದರೆ ಯಾವುದಕ್ಕೂ ಇಲ್ಲ. ಆ ಹೊತ್ತಿನ ಬಿಸಿಲಿಗೆ ಬಲವೂ ಕಡಿಮೆ, ಆದ್ದರಿಂದ ನಷ್ಟದ ಅಂಕಿ ಚಿಕ್ಕದಿರುತ್ತದೆ. ಈಗ ಹೇಳಿ, ಇದನ್ನ ‘ಬೆಟ್ಟದ ನೆರಳು ನಮ್ಮನೆ ಮೇಲೆ ಬಿತ್ತು’ ಅಂತ ಯಾರಾದರೂ ಅನ್ನುತ್ತಾರಾ? ‘ಸೂರ್ಯ ಬೆಟ್ಟದ ಮರೆಯಲ್ಲಿದ್ದಾನೆ’ ಅನ್ನುತ್ತಾರೆ. ‘ಮೋಡದ ಮರೆ’, ‘ಮರದ ಮರೆ’ ಎಲ್ಲ ನಾವು ಆಡುವ ಮಾತೇ. ಹಾಗಾಗಿ ಇದಕ್ಕೆ ‘ಮರೆ’ ಸಾಕು, ನೆರಳು ಬೇಡ ಅನ್ನೋದು ನನ್ನ ವಾದ.

ಹತ್ತಿರದ್ದಕ್ಕೆ ನೆರಳು ಸರಿಯಾಗಿ ಕೂರುತ್ತದೆ. ಅದಕ್ಕೆ ಆಕಾರ ಇದೆ, ಅಂಚು ಇದೆ, ಅದು ಓಡಾಡುತ್ತದೆ. ಮಂಡ್ಯ ಕಡೆಯವರು ‘ನೆಳ್ಳು’ ಅಂದರೂ ಇದೇ. ನಮ್ಮ ಊರುಗಳಲ್ಲಿ ಈ ನೆರಳಿನ ಓಡಾಟ ಸ್ವಲ್ಪ ವಿಚಿತ್ರ, ಮನೆಯವರಿಗೇ ನಂಬಿಕೆ ಬರುವುದಿಲ್ಲ. ಮೈಸೂರು ಇರುವುದು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 22ರ ಆಸುಪಾಸು ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ, ವಾಪಸ್ ಬರುವುದು ಆಗಸ್ಟ್ 20ರ ಹೊತ್ತಿಗೆ. ಆ ನಾಲ್ಕು ತಿಂಗಳು, ಅದರಲ್ಲೂ ಬೆಳಗ್ಗೆ ಸಂಜೆ, ಪ್ಯಾನೆಲ್ಲುಗಳ ಉತ್ತರಕ್ಕಿರುವ ಟ್ಯಾಂಕಿನ ನೆರಳೂ ದಕ್ಷಿಣಕ್ಕೆ ವಾಲಿ ಪ್ಯಾನೆಲ್ ಮೇಲೆ ಬರಬಹುದು. “ಟ್ಯಾಂಕ್ ಉತ್ತರಕ್ಕಿದೆ ಸಾರ್, ತೊಂದರೆ ಇಲ್ಲ” ಅನ್ನುವ ಮಾತು ನಡುಹಗಲಿನ ಮಟ್ಟಿಗೆ ದೆಹಲಿಗೆ ಸರಿ, ಅಲ್ಲಿ ನಡುಹಗಲ ಸೂರ್ಯ ಯಾವತ್ತೂ ನೆತ್ತಿಗೆ ಬರುವುದಿಲ್ಲ. ನಮಗೆ ಅದೂ ಪೂರ್ತಿ ಸರಿಯಲ್ಲ. ಡಿಸೆಂಬರಿನದು ಇನ್ನೊಂದು ಕಥೆ. ಮೆಟ್ಟಿಲ ಮೇಲಿನ ಕೋಣೆ ಇರುತ್ತದಲ್ಲ, ಆ 10 ಅಡಿ ಎತ್ತರದ ಹೆಡ್‌ರೂಮಿನ ನೆರಳು ನಡುಹಗಲಲ್ಲಿ 7 ಅಡಿ ಇದ್ದರೆ, ಅದಕ್ಕೆ ಮೂರು ಗಂಟೆ ಮುಂಚೆ 15 ಅಡಿ ಇರುತ್ತದೆ. ನಡುಹಗಲು ಅಂದರೆ ಗಡಿಯಾರದ 12 ಅಲ್ಲ, ಆ ತಿಂಗಳಲ್ಲಿ ಇಲ್ಲಿ ಸುಮಾರು 12:20.

ಇದರ ಜೊತೆಗೆ ‘ಸೋಲಾರ್’ ಅನ್ನೋ ಪದದ ತಕರಾರು ಬೇರೆ. ಮೈಸೂರಿನಲ್ಲಿ ‘ಮೇಲೆ ಸೋಲಾರ್ ಇದೆ’ ಅಂದರೆ ಸ್ನಾನದ ನೀರು ಕಾಯಿಸುವುದು ಅಂತಲೇ ಅರ್ಥ. ಎತ್ತರದ ಸ್ಟ್ಯಾಂಡಿನ ಮೇಲೆ ಕೂತ ಆ ಹೀಟರಿನ ನೆರಳೇ ಎಷ್ಟೋ ಮನೆಗಳಲ್ಲಿ ದೊಡ್ಡ ತಲೆನೋವು. ಹಾಗಾಗಿ ‘ಸೋಲಾರ್ ನೆರಳು ಸೋಲಾರ್ ಮೇಲೆ ಬೀಳುತ್ತದೆ’ ಅಂತ ಬರೆಯಬೇಕಾಗಿ ಬರುತ್ತದೆ, ನಗಬೇಡಿ. ಸದ್ಯಕ್ಕೆ ಒಂದನ್ನು ‘ನೀರಿನ ಸೋಲಾರ್’, ಇನ್ನೊಂದನ್ನು ‘ಕರೆಂಟ್ ಸೋಲಾರ್’ ಅಂತ ಬರೆದಿದ್ದೇನೆ. ಜನ ಹಾಗೇ ಹೇಳುತ್ತಾರೆ, ಅದನ್ನ ತಿದ್ದುವ ಆಸೆ ನನಗಿಲ್ಲ. ತೆಂಗಿನ ಗರಿಗಳ ಸಂದಿಯಿಂದ ಬಿಸಿಲು ಬೀಳುತ್ತದಲ್ಲ, ಅದಕ್ಕೆ ‘ಅರೆನೆರಳು’ ಅಂತ ಹಾಕಿದೆ. ಗ್ರಹಣದ ಬರಹಗಳಲ್ಲೂ ಆ ಪದ ಬೇರೆ ಅರ್ಥದಲ್ಲಿ ಬರುತ್ತದೆ, ಆದರೂ ಗೊಂದಲ ಆಗಲಿಕ್ಕಿಲ್ಲ.

ದೂರದ್ದು ಮರೆ, ಹತ್ತಿರದ್ದು ನೆರಳು. ಇಷ್ಟಕ್ಕೇ ಮುಗಿಯುತ್ತಿತ್ತು, ಆದರೆ ಮಳೆಗಾಲ ಇದೆಯಲ್ಲ. ಜುಲೈನಲ್ಲಿ ಮೋಡ ಕವಿದ ದಿನ ನೆಲದ ಮೇಲೆ ಯಾವ ನೆರಳೂ ಕಾಣುವುದಿಲ್ಲ. ಆದರೂ ವರದಿಯಲ್ಲಿ ಆ ಗಂಟೆಗಳಿಗೂ ಹತ್ತಿರದ ಶೇಡಿಂಗ್ ನಷ್ಟ ಇರುತ್ತದೆ. ಕಾರಣ ಇಷ್ಟೆ: ಮೋಡದ ದಿನ ಬೆಳಕು ಇಡೀ ಆಕಾಶದಿಂದ ಬರುತ್ತದೆ, ಹೆಡ್‌ರೂಮಿನ ಗೋಡೆ ಆ ಆಕಾಶದ ಒಂದು ಪಾಲನ್ನು ಮುಚ್ಚಿರುತ್ತದೆ. ಸೂರ್ಯ ಎಲ್ಲಿದ್ದರೂ ಈ ಪಾಲು ಬದಲಾಗುವುದಿಲ್ಲ. ಇದು ಹತ್ತಿರದ್ದೇ, ಆದರೆ ನೆರಳಲ್ಲ. ಗೋಡೆಯ ಮರೆ! ಹಾಗಾಗಿ ದೂರ, ಹತ್ತಿರ ಅಂತ ಗೆರೆ ಎಳೆಯುವುದಕ್ಕಿಂತ, ಸೂರ್ಯ ಇಡೀ ತಾರಸಿಗೆ ಮುಚ್ಚಿಹೋದರೆ ಅಥವಾ ಆಕಾಶದ ಒಂದು ಪಾಲು ಮುಚ್ಚಿದರೆ ಮರೆ, ಪ್ಯಾನೆಲ್ ಮೇಲೆ ಗುರುತು ಬಿದ್ದರೆ ನೆರಳು ಅಂತ ಇಟ್ಟುಕೊಂಡರೆ ಹೇಗೆ? ತಂತ್ರಾಂಶದ ವಿಂಗಡಣೆಗೆ ಇದು ಸರಿಯಾಗಿ ಹೊಂದುವುದಿಲ್ಲ, ಗೊತ್ತು. ಆದರೆ ಓದುವ ಮನೆಯವರಿಗೆ ಇದೇ ಸುಲಭ ಅನ್ನಿಸುತ್ತದೆ. ವರದಿಯ ಸಾಲಿಗೆ ಸಾಲು ಹೊಂದಲೇಬೇಕು ಅನ್ನುವವರು ಯಾಕೆ ಅಂತ ಹೇಳಿ.

ಇನ್ನು ಮೂರನೆಯದು. ನನಗೆ ನಿಜವಾಗಿ ಪದ ಬೇಕಿರುವುದು ಇಲ್ಲಿ. 60 ಸೆಲ್ಲಿನ (ಕರೆಂಟ್ ಹುಟ್ಟಿಸುವ ಚೌಕಗಳ) ಹಳೆ ಮಾದರಿಯ ಪ್ಯಾನೆಲ್ ತಗೊಳ್ಳಿ. ಎಲ್ಲ ಸೆಲ್ಲೂ ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ, 20 ಸೆಲ್ಲಿಗೆ ಒಂದರಂತೆ ಮೂರು ಬೈಪಾಸ್ ಡಯೋಡ್. ಒಂದೇ ಒಂದು ಸೆಲ್ ಮೇಲೆ ಪೂರ್ತಿ ನೆರಳು ಬಿದ್ದರೆ, ಅದು ಮುಂದಕ್ಕೆ ಕರೆಂಟ್ ಬಿಡುವುದಿಲ್ಲ. ಡಯೋಡ್ ಆ 20 ಸೆಲ್ಲನ್ನೂ ಬದಿಗಿಟ್ಟು ದಾರಿ ಮಾಡಿಕೊಡುತ್ತದೆ. ಅಂದರೆ ಬಿಸಿಲು ತಪ್ಪಿದ್ದು ಅರವತ್ತರಲ್ಲಿ ಒಂದು ಪಾಲಿಗೆ, ಕರೆಂಟ್ ಹೋದದ್ದು ಮೂರರಲ್ಲಿ ಒಂದು ಪಾಲು. ಈಗಿನ ಅರ್ಧ ಸೆಲ್ಲಿನ ಪ್ಯಾನೆಲ್ಲುಗಳಲ್ಲಿ ಮೇಲಿನ ಅರ್ಧ, ಕೆಳಗಿನ ಅರ್ಧ ಸಮಾಂತರವಾಗಿರುವುದರಿಂದ ಏಟು ಸ್ವಲ್ಪ ಕಡಿಮೆ. ಪ್ರತಿ ಪ್ಯಾನೆಲ್ಲಿಗೂ ಒಂದೊಂದು ಚಿಕ್ಕ ಇನ್ವರ್ಟರ್ ಹಾಕಿದರೆ ಒಂದರ ನೆರಳಿನ ತೊಂದರೆ ಇನ್ನೊಂದಕ್ಕೆ ತಟ್ಟುವುದಿಲ್ಲ. ಆದರೂ ವರದಿಯಲ್ಲಿ ಇದು ಬೇರೆ ಸಾಲು. ಹತ್ತಿರದ ನೆರಳಿನ ಸಾಲು ಹೇಳುವುದು ಬೆಳಕು ಎಷ್ಟು ತಪ್ಪಿತು ಅಂತ, ಈ ಸಾಲು ಹೇಳುವುದು ಆ ತಪ್ಪಿದ ಬೆಳಕಿನಿಂದಾಗಿ ಬೆಳಕಿದ್ದ ಕಡೆಯೂ ಎಷ್ಟು ಕೈಬಿಟ್ಟಿತು ಅಂತ. ಕೆಲವರು ಆ ನೆರಳಿನ ಸಾಲನ್ನಷ್ಟೇ ತೋರಿಸಿ ‘ನೆರಳು ಏನೂ ಇಲ್ಲ ಬಿಡಿ’ ಅಂದುಬಿಡುತ್ತಾರೆ. ಕೈಪಿಡಿಯಲ್ಲಿ ಈ ಎರಡನ್ನೂ ಬೇರೆ ಬೇರೆ ಹೆಸರಿನಿಂದ ಕರೆಯಲೇಬೇಕು ಅಂತ ಹಟ ಹಿಡಿದಿರುವುದು ಅದಕ್ಕೇ.

ನನ್ನ ಮುಂದಿರುವುದು ಎರಡು. ಒಂದು ‘ಸರಣಿ ನಷ್ಟ’. ಶಾಲೆ ಪುಸ್ತಕದಲ್ಲಿ ಸರಣಿ ಜೋಡಣೆ ಓದಿದವರಿಗೆ ಹೊಳೆಯುತ್ತದೆ, ಉಳಿದವರಿಗೆ ಇಲ್ಲ. ನೆರಳಿನ ಸುಳಿವೂ ಅದರಲ್ಲಿಲ್ಲ. ಇನ್ನೊಂದು ‘ನೆರಳಿನ ಹೊಡೆತ’. ಮಳೆ ಹೊಡೆತ, ಬೆಲೆ ಏರಿಕೆಯ ಹೊಡೆತ ಅನ್ನುತ್ತೇವಲ್ಲ, ಆ ಹೊಡೆತ. ಬಿದ್ದ ನೆರಳಿಗಿಂತ ಅದರ ಪರಿಣಾಮ ದೊಡ್ಡದು ಅನ್ನೋದು ಪದದಲ್ಲೇ ಇದೆ. ನನಗೆ ಇದೇ ಇಷ್ಟ. ವರದಿಗೆ ಇದು ಸ್ವಲ್ಪ ಒರಟು ಅಂತ ನಮ್ಮಲ್ಲೇ ಒಬ್ಬರು ಮೂಗು ಮುರಿದರು. ‘ಸೋರಿಕೆ’ ಅಂತ ಸಲಹೆ ಕೊಡಬೇಡಿ. ವಿದ್ಯುತ್ ಸೋರಿಕೆ ಅಂದ ಕೂಡಲೇ ಜನಕ್ಕೆ ಲೈನಿನ ನಷ್ಟ, ಕಳ್ಳತನ ನೆನಪಾಗುತ್ತದೆ.

ಕೊನೆಯದು ‘ಯೀಲ್ಡ್’. ಇದಕ್ಕೆ ‘ಇಳುವರಿ’ ಅಂತ ಕಣ್ಣುಮುಚ್ಚಿ ಹಾಕುತ್ತಿದ್ದೆ, ಆದರೆ ಕೈಪಿಡಿ ಮಂಡ್ಯಕ್ಕೂ ಹೋಗುತ್ತದೆ. ಅಲ್ಲಿ ಇಳುವರಿಗೆ ಎರಡು ಅರ್ಥ. ಎಕರೆಗೆ ಎಷ್ಟು ಟನ್ ಕಬ್ಬು ಬಂತು ಅನ್ನೋದೂ ಇಳುವರಿ, ಕಬ್ಬು ಅರೆದಾಗ ನೂರಕ್ಕೆ ಎಷ್ಟು ಪಾಲು ಸಕ್ಕರೆ ಸಿಕ್ಕಿತು ಅನ್ನೋದೂ ಇಳುವರಿ. ಕೇಂದ್ರ ಸರ್ಕಾರ 2025–26ಕ್ಕೆ ಕ್ವಿಂಟಲಿಗೆ 355 ರೂಪಾಯಿ ಅಂತ ನಿಗದಿ ಮಾಡಿದ್ದು ಶೇಕಡ 10.25 ಇಳುವರಿಗೆ, ಅಂದರೆ ಎರಡನೇ ಅರ್ಥದ್ದಕ್ಕೆ. ಸೋಲಾರ್ ವರದಿಯಲ್ಲೂ ಇಂಥದೇ ಎರಡು ಅಂಕಿ ಇವೆ. ಒಂದು ಕಿಲೋವ್ಯಾಟಿಗೆ ವರ್ಷಕ್ಕೆ ಎಷ್ಟು ಯೂನಿಟ್ ಅನ್ನೋದು ಮೊದಲನೆಯದು, ನೆರಳಿಲ್ಲದ ತಾರಸಿಯಾದರೆ ಇಲ್ಲಿ ಸುಮಾರು 1,400ರಿಂದ 1,500. ಇನ್ನೊಂದು ‘ಪರ್ಫಾರ್ಮೆನ್ಸ್ ರೇಷಿಯೋ’: ಬಿದ್ದ ಬಿಸಿಲಿಗೆ ಇಷ್ಟು ಬರಬೇಕಿತ್ತು, ಅದರಲ್ಲಿ ಶೇಕಡ ಎಷ್ಟು ಬಂತು ಅಂತ. ಮಂಡ್ಯದ ರೈತರಿಗೆ ‘ಇಳುವರಿ 78’ ಅಂದರೆ ಅವರು ಎರಡನೇ ಅರ್ಥ ಹಿಡಿಯುತ್ತಾರೆ, ಮೈಸೂರಿನವರು ತಲೆ ಕೆರೆದುಕೊಳ್ಳುತ್ತಾರೆ. ಮೊದಲನೆಯದಕ್ಕೆ ‘ಇಳುವರಿ’ ಇಟ್ಟುಕೊಂಡು ಎರಡನೆಯದಕ್ಕೆ ‘ದಕ್ಕಿದ ಪಾಲು’ ಅನ್ನಬಹುದಾ? ಮಂಡ್ಯ, ಪಾಂಡವಪುರ ಕಡೆಯ ಕಬ್ಬಿನ ಮನೆಯವರು ಇಲ್ಲಿದ್ದರೆ ದಯವಿಟ್ಟು ಹೇಳಿ.

‘ಸಿಮ್ಯುಲೇಶನ್’ಗೆ ಪದ ಕೇಳುತ್ತಿಲ್ಲ. ‘ಅಣಕು’ ಅಂದರೆ ಅಣಕು ಮತದಾನ, ಅಣಕು ಕಾರ್ಯಾಚರಣೆ ಸರಿ, ‘ನಿಮ್ಮ ಮನೆಯ ಅಣಕು’ ಅಂತ ಬರೆದುಕೊಟ್ಟರೆ ಜಗಳಕ್ಕೆ ಬಂದಾರು. ಸುಮ್ನೆ ‘ಕಂಪ್ಯೂಟರ್ ಲೆಕ್ಕ’ ಅಂತ ಬರೆದಿದ್ದೇನೆ, ಕೆಲಸ ನಡೆಯುತ್ತಿದೆ.

ನಷ್ಟಗಳನ್ನು ತೋರಿಸುವ ಚಿತ್ರದಲ್ಲಿ ಬಾಣದ ಗುರುತಿನ ಪಕ್ಕ ಜಾಗ ಬಹಳ ಕಡಿಮೆ, ಹಾಗಾಗಿ ಏನೇ ಸೂಚಿಸಿದರೂ ಎರಡು ಪದ ದಾಟದಿರಲಿ. ಅಚ್ಚಿಗೆ ಹೋಗುವುದು ಮುಂದಿನ ತಿಂಗಳು.